ದೊಡ್ಡೋರು ಯಾರು ಅಂತ ಇನ್ನು ಮೇಲೆ ನನ್ನನ್ನು ಕೇಳಬೇಡಿ

"ಮೇಡಂ, ರಾಜ್ಯಪಾಲರು ದೊಡ್ಡೋರಾ, ಮುಖ್ಯಮಂತ್ರಿ ದೊಡ್ಡೋರಾ?"

ಪಿಯು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳಿಕೊಡುತ್ತೇನೆ ಅಂದ ತಕ್ಷಣ ಜನ ಕೇಳುವುದು ಇದೊಂದೇ. ಹಲ್ಲಿನ ಡಾಕ್ಟರು ನನ್ನ ಬಾಯಿಗೆ ಹತ್ತಿ ತುರುಕಿ ಆದಮೇಲೆ ಕೇಳಿದ್ದಾರೆ. ಬ್ಲೌಸ್ ಹೊಲಿಯುವಾಕೆ ಅಳತೆ ಟೇಪು ಕೈಯಲ್ಲಿ ಹಿಡಿದೇ ಕೇಳಿದ್ದಾಳೆ. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ವಾಕಿಂಗ್ ಬರುವ ಹಿರಿಯರೊಬ್ಬರು ನನ್ನನ್ನು ನಿಲ್ಲಿಸಿ ಕೇಳಿ, ನಾನು ಬಾಯಿ ಬಿಡುವುದರೊಳಗೆ ಉತ್ತರವನ್ನೂ ತಾವೇ ಹೇಳಿ ಹೊರಟುಹೋದರು. ಕೇಳದೆ ಇರುವವರು ನನ್ನ ವಿದ್ಯಾರ್ಥಿಗಳು ಮಾತ್ರ. ಅವರಿಗೆ ಅದು ಎಷ್ಟು ಅಂಕದ ಪ್ರಶ್ನೆ ಅಂತ ಗೊತ್ತಾದರೆ ಸಾಕು.

ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಬರೆದಿಡುತ್ತೇನೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ವಾಟ್ಸಾಪ್ ಮಾಡುವುದು.

ಉತ್ತರ: ಯಾರೂ ದೊಡ್ಡೋರಲ್ಲ. ಈ ಏರ್ಪಾಟು ಮಾಡಿದ್ದೇ ಯಾರೂ ದೊಡ್ಡೋರಾಗಬಾರದು ಅಂತ.

ಇದಕ್ಕೆ ಯಾರೂ ಒಪ್ಪುವುದಿಲ್ಲ. "ಅದು ಸರಿ ಮೇಡಂ, ಆದ್ರೂ ಪವರ್ ಯಾರಿಗೆ ಜಾಸ್ತಿ?" ಅಂತ ಮತ್ತೆ ಅಲ್ಲಿಗೇ ಬರುತ್ತಾರೆ. ಅವರ ತಪ್ಪೂ ಅಲ್ಲ ಬಿಡಿ. ನಮ್ಮ ಮೈಸೂರಿನ ಹಳಬರು ಕಣ್ಣಾರೆ ಕಂಡಿದ್ದೇ ಹಾಗೆ. ಮಹಾರಾಜರಾಗಿದ್ದ ಜಯಚಾಮರಾಜ ಒಡೆಯರು ರಾಜಪ್ರಮುಖರಾದರು, ಅಂದರೆ ಹಳೇ ಸಂಸ್ಥಾನಕ್ಕೆ ರಾಜ್ಯಪಾಲರಂಥವರು, 1956ರಲ್ಲಿ ರಾಜ್ಯಪಾಲರೂ ಆದರು. ಮನುಷ್ಯರು ಅವರೇ, ಊರು ಅದೇ. ಅಧಿಕಾರ ಮಾತ್ರ ಸದ್ದಿಲ್ಲದೆ ಬೇರೆ ಕಡೆ ಹೋಗಿತ್ತು. ಅದು ಎಷ್ಟು ಜನರಿಗೆ ಕಾಣಿಸಬೇಕು?

ಕಾಗದದ ಮೇಲಿರುವುದನ್ನು ಬೇಗ ಹೇಳಿ ಮುಗಿಸುತ್ತೇನೆ. ಸಮಾರಂಭದಲ್ಲಿ ರಾಜ್ಯಪಾಲರ ಕುರ್ಚಿ ಮೊದಲು. ಮುಖ್ಯಮಂತ್ರಿಯನ್ನು ನೇಮಿಸುವವರು ಅವರೇ, ಸಂವಿಧಾನದ 164ನೇ ವಿಧಿ. ಆದರೆ 163ನೇ ವಿಧಿ ಪ್ರಕಾರ ಅವರು ನಡೆಯಬೇಕಾದದ್ದು ಮಂತ್ರಿಮಂಡಲದ ಸಲಹೆಯಂತೆ. ತಮ್ಮ ವಿವೇಚನೆಗೆ ಬಿಟ್ಟ ಕೆಲವೇ ವಿಷಯ ಬಿಟ್ಟು. ಅವರನ್ನು ನೇಮಿಸುವುದು ರಾಷ್ಟ್ರಪತಿ, ಅಂದರೆ ದಿಲ್ಲಿಯ ಸರ್ಕಾರ. ಐದು ವರ್ಷ ಅಂತ ಇದ್ದರೂ ದಿಲ್ಲಿಗೆ ಬೇಡ ಅನ್ನಿಸಿದರೆ ನಾಳೆಯೇ ಮನೆಗೆ ಹೋಗಬೇಕು.

ವರ್ಷದ ಮೊದಲ ಅಧಿವೇಶನದಲ್ಲಿ ರಾಜ್ಯಪಾಲರು ಎರಡೂ ಸದನಗಳನ್ನು ಕೂಡಿಸಿ ಭಾಷಣ ಓದುತ್ತಾರಲ್ಲ, "ನನ್ನ ಸರ್ಕಾರ" ಅಂತ? ಅದರಲ್ಲಿ ಒಂದು ಸಾಲೂ ಅವರದಲ್ಲ. ಬರೆದುಕೊಡುವುದು ಸಚಿವ ಸಂಪುಟ. 2023ರ ಜನವರಿಯಲ್ಲಿ ತಮಿಳುನಾಡಿನ ರಾಜ್ಯಪಾಲರು ಕೆಲವು ಸಾಲು ಬಿಟ್ಟು ಓದಿದರು. ಸರ್ಕಾರ ಕೊಟ್ಟ ಭಾಷಣವೇ ದಾಖಲೆಗೆ ಹೋಗಬೇಕು ಅಂತ ಸದನ ಅಲ್ಲೇ ನಿರ್ಣಯ ಮಾಡಿತು. ರಾಜ್ಯಪಾಲರು ಎದ್ದು ಹೊರಗೆ ನಡೆದರು. ಈಗ ಹೇಳಿ, ಯಾರು ದೊಡ್ಡೋರು? ನೋಡಿ, ನನಗೂ ಈ ಚಟ ಹತ್ತಿತು.

ಈ ಪ್ರಶ್ನೆಯ ಮೇಲೆ ನನಗೆ ಸಿಟ್ಟು ಬಂದಿದ್ದು ನಮ್ಮ ಭಾವನಿಂದ. 2018ರ ಮೇ 19, ಶನಿವಾರ. ಅಧಿಕ ಜ್ಯೇಷ್ಠ ಮಾಸ. ಅಮ್ಮ ಅಳಿಯನನ್ನು ಊಟಕ್ಕೆ ಕರೆದಿದ್ದರು, ಪದ್ಧತಿಯಂತೆ 33 ಕಜ್ಜಾಯ ಕೊಡುವುದಿತ್ತು. ಭಾವ ಬ್ಯಾಂಕ್ ಮ್ಯಾನೇಜರ್ ಆಗಿ ನಿವೃತ್ತರಾದವರು. ಊಟ ಮುಗಿಸಿ, ಜರಿ ಪಂಚೆಯಲ್ಲೇ ಟಿವಿ ಮುಂದೆ ಕೂತಿದ್ದರು. ಸಂಜೆ ನಾಲ್ಕಕ್ಕೆ ವಿಶ್ವಾಸಮತ. ಮನೆಯಲ್ಲಿ ಒಬ್ಬರೂ ಕಣ್ಣು ಮುಚ್ಚಿರಲಿಲ್ಲ.

ಹಿನ್ನೆಲೆ ಮರೆತವರಿಗೆ: 224ರಲ್ಲಿ 222 ಕ್ಷೇತ್ರಗಳಿಗೆ ಚುನಾವಣೆ ನಡೆದು ಬಿಜೆಪಿಗೆ 104, ಕಾಂಗ್ರೆಸ್ಸಿಗೆ 78, ಜೆಡಿಎಸ್‌ಗೆ 37 ಬಂದಿತ್ತು. ಕಾಂಗ್ರೆಸ್ಸು ಜೆಡಿಎಸ್ಸು ಒಂದಾಗಿ ನಮ್ಮ ಹತ್ತಿರ ಸಂಖ್ಯೆ ಇದೆ ಅಂದವು. ರಾಜ್ಯಪಾಲ ವಜುಭಾಯಿ ವಾಲಾ ಅವರು ಕರೆದಿದ್ದು ಯಡಿಯೂರಪ್ಪನವರನ್ನು. ಬಹುಮತ ತೋರಿಸಲು 15 ದಿನ ಕೊಟ್ಟರು. ಆ ರಾತ್ರಿಯೇ ಸುಪ್ರೀಂ ಕೋರ್ಟಿನಲ್ಲಿ ನಡುರಾತ್ರಿ ದಾಟಿ ಬೆಳಗಿನ ಜಾವದವರೆಗೆ ವಿಚಾರಣೆ ನಡೆಯಿತು. ಪ್ರಮಾಣವಚನಕ್ಕೆ ಕೋರ್ಟು ತಡೆ ಕೊಡಲಿಲ್ಲ. 17ಕ್ಕೆ ಪ್ರಮಾಣವಚನ ಆಯಿತು. 18ಕ್ಕೆ ಕೋರ್ಟು, ಹದಿನೈದು ದಿನ ಬೇಡ, ನಾಳೆ ಸಂಜೆ ನಾಲ್ಕಕ್ಕೆ ಸದನದಲ್ಲಿ ತೋರಿಸಿ ಅಂದಿತು.

ಭಾವ ಕಾಲು ಚಾಚಿ ಹೇಳಿದರು. "ನಾಲ್ಕು ಗಂಟೆಗೆ ಏನೂ ಆಗಲ್ಲಮ್ಮ. ರಾಜ್ಯಪಾಲರು ಸಹಿ ಹಾಕಿ ಕೊಟ್ಟಿದ್ದಾರೆ. ಸಹಿ ಹಾಕೋರೇ ದೊಡ್ಡೋರು. ಮೂವತ್ತೈದು ವರ್ಷ ಬ್ಯಾಂಕಲ್ಲಿ ನೋಡಿದ್ದೀನಿ."

"ಭಾವ, ನೀವು ಡಿಡಿ ಮೇಲೆ ಸಹಿ ಹಾಕ್ತಿದ್ರಲ್ಲ, ಆ ದುಡ್ಡು ನಿಮ್ಮದಾಗಿತ್ತಾ?"

ಅಕ್ಕ ಅಡುಗೆಮನೆಯಿಂದ ಇಣುಕಿ ನೋಡಿದಳು. ಅಮ್ಮ ಕಣ್ಣಲ್ಲೇ ಗದರಿಸಿದರು. ಅಧಿಕ ಮಾಸದಲ್ಲಿ ಅಳಿಯನ ಜೊತೆ ಹೀಗೆಲ್ಲ ಮಾತಾಡಬಾರದಂತೆ. ನಾಲ್ಕು ಗಂಟೆಗೆ ಸ್ವಲ್ಪ ಮುಂಚೆ ಯಡಿಯೂರಪ್ಪನವರು ಸದನದಲ್ಲಿ ಮಾತಿಗೆ ನಿಂತರು. ಮಾತು ಮುಗಿಸುವಾಗ ರಾಜೀನಾಮೆ ಕೊಡುತ್ತೇನೆ ಅಂದರು. ಮತ ಹಾಕುವವರೆಗೂ ಹೋಗಲಿಲ್ಲ. ಭಾವ ಕೈಯಲ್ಲಿದ್ದ ಕಜ್ಜಾಯ ತಟ್ಟೆಗೆ ಹಾಕಿ, "ಹಾಗಾದ್ರೆ ಕೋರ್ಟೇ ದೊಡ್ಡದು ಅನ್ನು" ಅಂದರು.

ಅಲ್ಲ ಅಂದರೆ ಅಲ್ಲ! ಯಾರಿಗೆ ಬಹುಮತ ಇದೆ ಅಂತ ಕೋರ್ಟು ಹೇಳಲೇ ಇಲ್ಲ. ಅದು ಹೇಳಿದ್ದು ದಿನ, ಗಂಟೆ, ಜಾಗ ಅಷ್ಟೇ. ತಲೆ ಎಣಿಸುವ ಜಾಗ ರಾಜಭವನ ಅಲ್ಲ, ಶಾಸಕರನ್ನು ಇಟ್ಟಿದ್ದ ಬಿಡದಿಯ ರೆಸಾರ್ಟೂ ಅಲ್ಲ, ವಿಧಾನಸಭೆ. ಅದನ್ನೂ ಹೊಸದಾಗಿ ಹೇಳಿದ್ದಲ್ಲ. ಆ ಪಾಠ ದೇಶಕ್ಕೆ ಸಿಕ್ಕಿದ್ದೇ ನಮ್ಮ ರಾಜ್ಯದಿಂದ.

1989ರ ಏಪ್ರಿಲ್. ಎಸ್.ಆರ್. ಬೊಮ್ಮಾಯಿ ಮುಖ್ಯಮಂತ್ರಿ. ಒಬ್ಬ ಶಾಸಕರು 19 ಪತ್ರ ತಂದು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯನವರ ಕೈಗೆ ಕೊಟ್ಟರು. 19 ಶಾಸಕರು ಬೆಂಬಲ ವಾಪಸ್ ಪಡೆದಿದ್ದಾರೆ ಅಂತ. ಬೊಮ್ಮಾಯಿಯವರು, ಸದನ ಕರೆಯೋಣ, ಬೇಕಾದರೆ ಅಧಿವೇಶನ ಮುಂಚಿತವಾಗಿಯೇ ಕರೆಯೋಣ, ಬಹುಮತ ಅಲ್ಲೇ ತೋರಿಸುತ್ತೇನೆ ಅಂದರು. ಅಷ್ಟರಲ್ಲಿ ಆ 19ರಲ್ಲಿ ಏಳು ಜನ, ನಮಗೆ ತಪ್ಪು ಹೇಳಿ ಸಹಿ ಹಾಕಿಸಿಕೊಂಡರು, ನಾವು ಸರ್ಕಾರದ ಜೊತೆಗೇ ಇದ್ದೇವೆ ಅಂತ ಬರೆದುಕೊಟ್ಟರು. ರಾಜ್ಯಪಾಲರು ಕಿವಿಗೆ ಹಾಕಿಕೊಳ್ಳಲಿಲ್ಲ. ದಿಲ್ಲಿಗೆ ವರದಿ ಹೋಯಿತು. ಏಪ್ರಿಲ್ 21ಕ್ಕೆ ಸರ್ಕಾರ ವಜಾ, ವಿಧಾನಸಭೆ ವಿಸರ್ಜನೆ, ರಾಷ್ಟ್ರಪತಿ ಆಳ್ವಿಕೆ.

ರಾಷ್ಟ್ರಪತಿ ಆಳ್ವಿಕೆಗೆ ದಾರಿ ಕೊಡುವ ಈ 356ನೇ ವಿಧಿ ಬಳಕೆಗೇ ಬಾರದೆ ಹಾಳೆಯ ಮೇಲೆ ಸತ್ತ ಅಕ್ಷರವಾಗಿ ಉಳಿಯಲಿ ಅಂತ ಅಂಬೇಡ್ಕರ್ ಅವರು 1949ರಲ್ಲಿ ಸಂವಿಧಾನ ಸಭೆಯಲ್ಲಿ ಆಸೆಪಟ್ಟಿದ್ದರು. ಸಾಯಲಿಲ್ಲ ಅದು. ಕರ್ನಾಟಕವೊಂದರಲ್ಲೇ 1971ರಿಂದ 2008ರೊಳಗೆ ಆರು ಸಲ ರಾಷ್ಟ್ರಪತಿ ಆಳ್ವಿಕೆ ಬಂದು ಹೋಗಿದೆ.

ಬೊಮ್ಮಾಯಿ ಹೈಕೋರ್ಟಿಗೆ ಹೋದರು, ಅಲ್ಲಿ ಸೋತರು. ಸುಪ್ರೀಂ ಕೋರ್ಟಿಗೆ ಹೋದರು. 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠದ ತೀರ್ಪು ಬಂತು. ಬಹುಮತ ಇದೆಯೋ ಇಲ್ಲವೋ ಅನ್ನುವುದು ರಾಜ್ಯಪಾಲರ ಸ್ವಂತ ಅಂದಾಜಿನ ವಿಷಯ ಅಲ್ಲ, ಸದನದಲ್ಲಿ ತೀರ್ಮಾನ ಆಗಬೇಕು. ರಾಷ್ಟ್ರಪತಿಯ ಘೋಷಣೆಯನ್ನೂ ಕೋರ್ಟು ಪರಿಶೀಲಿಸಬಹುದು. ಸಂಸತ್ತು ಒಪ್ಪುವ ಮುಂಚೆ ವಿಧಾನಸಭೆ ವಿಸರ್ಜಿಸುವಂತಿಲ್ಲ. ಕರ್ನಾಟಕದಲ್ಲಿ ಮಾಡಿದ್ದು ಸಂವಿಧಾನಕ್ಕೆ ವಿರುದ್ಧ.

ಬೊಮ್ಮಾಯಿ ಗೆದ್ದರು. ಆದರೆ ಕುರ್ಚಿ ವಾಪಸ್ ಬರಲಿಲ್ಲ. ಹೇಗೆ ಬರುತ್ತದೆ? 1989ರ ಕೊನೆಗೇ ಚುನಾವಣೆ ಆಗಿ ವೀರೇಂದ್ರ ಪಾಟೀಲರು ಮುಖ್ಯಮಂತ್ರಿಯಾಗಿದ್ದರು. ಅಂದು ಕೋರ್ಟು ಐದು ವರ್ಷ ತೆಗೆದುಕೊಂಡಿದ್ದಕ್ಕೂ 2018ರಲ್ಲಿ ಎರಡು ದಿನ ತೆಗೆದುಕೊಂಡಿದ್ದಕ್ಕೂ ನಡುವೆ ನಿಂತಿರುವುದು ಆ ತೀರ್ಪೇ. ನನ್ನ ಪ್ರಕಾರ ವಿಧಾನಸೌಧದ ಮುಂದೆ ಹಾಕಿರುವ ಅನೇಕ ಪ್ರತಿಮೆಗಳಿಗಿಂತ ಅದು ಹೆಚ್ಚು ಕೆಲಸ ಮಾಡಿದೆ.

ಇಷ್ಟೆಲ್ಲ ಹೇಳಿದ ಮೇಲೂ 2019ರ ಜುಲೈನಲ್ಲಿ ಭಾವನ ಫೋನು. "ಈಗ ಗೊತ್ತಾಯ್ತು ಬಿಡು, ಸ್ಪೀಕರ್ರೇ ದೊಡ್ಡೋರು!" ಕುಮಾರಸ್ವಾಮಿಯವರ ವಿಶ್ವಾಸಮತದ ಚರ್ಚೆ ನಡೆಯುತ್ತಿತ್ತು. ಮಧ್ಯಾಹ್ನ ಒಂದೂವರೆಯೊಳಗೆ ಮುಗಿಸಿ ಅಂತ ರಾಜ್ಯಪಾಲರು ಪತ್ರ ಬರೆದರು. ಮುಗಿಯಲಿಲ್ಲ. ಸಂಜೆಯೊಳಗೆ ಅಂದರು. ಆಗಲೂ ಮುಗಿಯಲಿಲ್ಲ. ಕೊನೆಗೆ ಜುಲೈ 23ಕ್ಕೆ ಎಣಿಕೆ ಆಯಿತು. ಪರ 99, ವಿರುದ್ಧ 105. ಸರ್ಕಾರ ಬಿತ್ತು. ಸರ್ಕಾರದ ಕಡೆಯಿಂದ ಕಳಚಿಕೊಂಡಿದ್ದ 17 ಶಾಸಕರನ್ನು ಸ್ಪೀಕರ್ ರಮೇಶ್ ಕುಮಾರ್ ಅನರ್ಹ ಮಾಡಿದರು. ಸುಪ್ರೀಂ ಕೋರ್ಟು ಅನರ್ಹತೆ ಸರಿ ಅಂದಿತು, ಆದರೆ ಉಪಚುನಾವಣೆಗೆ ನಿಲ್ಲಬಹುದು ಅಂದಿತು. ಅವರಲ್ಲಿ ಹೆಚ್ಚಿನವರು ನಿಂತು ಗೆದ್ದು ಅದೇ ಸದನಕ್ಕೆ ವಾಪಸ್ ಬಂದರು. ಸ್ಪೀಕರ್, ಕೋರ್ಟು, ಮತದಾರ ಮೂವರೂ ತಮ್ಮ ತಮ್ಮ ಕೆಲಸ ಮಾಡಿದರು. ಫಲ ನೋಡಿದರೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸುತ್ತದೆ. ಅದು ಬೇರೆ ಮಾತು.

ನನ್ನ ತಕರಾರು ಇಷ್ಟೇ. ಸರ್ಕಾರ ಹುಟ್ಟುವ ದಿನ, ಬೀಳುವ ದಿನ ಮಾತ್ರ ನಮಗೆ ಸಂವಿಧಾನ ನೆನಪಾಗುತ್ತದೆ. ಉಳಿದ ದಿನ ಅದು ಏನು ಮಾಡುತ್ತಿರುತ್ತದೆ ಅಂತ ಒಬ್ಬರೂ ಕೇಳುವುದಿಲ್ಲ. ಯಾರಾದರೂ ನನ್ನನ್ನು, "ಮೇಡಂ, ನಮ್ಮ ದುಡ್ಡು ಖರ್ಚು ಮಾಡೋಕೆ ಸರ್ಕಾರ ಯಾರ ಅಪ್ಪಣೆ ಕೇಳುತ್ತೆ?" ಅಂತ ಕೇಳಿದರೆ ಕೂರಿಸಿ ಕಾಫಿ ಕೊಡುತ್ತೇನೆ. ಹಲ್ಲಿನ ಡಾಕ್ಟರು ಕೇಳಿದರೆ ಬಾಯಲ್ಲಿ ಹತ್ತಿ ಇಟ್ಟುಕೊಂಡೇ ಹೇಳುತ್ತೇನೆ.

ಕೇಳಿ. ನಾವು ರಾಜ್ಯಕ್ಕೆ ಕಟ್ಟುವ ತೆರಿಗೆ ಅದರ ಸಂಚಿತ ನಿಧಿಗೆ, ಅಂದರೆ ಖಜಾನೆಗೆ ಹೋಗುತ್ತದೆ. ಕಾನೂನು ಇಲ್ಲದೆ ಅದರಿಂದ ಒಂದು ರೂಪಾಯಿಯನ್ನೂ ತೆಗೆಯುವಂತಿಲ್ಲ, ಮುಖ್ಯಮಂತ್ರಿಯೂ ತೆಗೆಯುವಂತಿಲ್ಲ. ಬಜೆಟ್ ದಿನ ಟಿವಿಯಲ್ಲಿ ಬರುವುದು ಭಾಷಣ. ಭಾಷಣ ಮುಗಿದರೆ ದುಡ್ಡು ಮಂಜೂರಾಯಿತು ಅಂತಲ್ಲ. ಆಮೇಲೆ ಒಂದೊಂದು ಇಲಾಖೆಯೂ ಅನುದಾನದ ಬೇಡಿಕೆ ಹಿಡಿದು ಸದನದ ಮುಂದೆ ಬರಬೇಕು. ನೀರಾವರಿಗೆ ಇಷ್ಟು, ಶಾಲೆಗೆ ಇಷ್ಟು, ಪೊಲೀಸರಿಗೆ ಇಷ್ಟು. ಅದಕ್ಕೆ ಮತ ಹಾಕುವ ಹಕ್ಕು ವಿಧಾನಸಭೆಗೆ ಮಾತ್ರ. ವಿಧಾನ ಪರಿಷತ್ತಿನ 75 ಜನ ಬಜೆಟ್ ಬಗ್ಗೆ ಚರ್ಚೆ ಮಾಡಬಹುದು, ಹಣಕಾಸು ಮಸೂದೆಯನ್ನು 14 ದಿನ ಇಟ್ಟುಕೊಳ್ಳಬಹುದು. ಅಷ್ಟೇ. ಬೇಡಿಕೆ ಪಾಸಾದ ಮೇಲೆ ಧನವಿನಿಯೋಗ ಮಸೂದೆ, ಅಂದರೆ ದುಡ್ಡು ತೆಗೆಯಲು ಬೇಕಾದ ಆ ಕಾನೂನು. ಅದಾದ ಮೇಲೆ ಖಜಾನೆಯ ಬಾಗಿಲು ತೆರೆಯುತ್ತದೆ. ಬೇಡಿಕೆ ಇಡಲು ರಾಜ್ಯಪಾಲರ ಶಿಫಾರಸು ಬೇಕು. ಭಾವನಿಗೆ ಖುಷಿಯಾಗಲಿ ಅಂತ ಹೇಳಿದೆ. ಆ ಶಿಫಾರಸನ್ನೂ ಅವರು ಕೊಡುವುದು ಮಂತ್ರಿಗಳ ಸಲಹೆಯಂತೆ.

ಬೇಡಿಕೆಯೊಂದನ್ನು ಸದನ ತಿರಸ್ಕರಿಸಿದರೆ ಸರ್ಕಾರ ನಿಲ್ಲುವುದು ಕಷ್ಟ. ಇಷ್ಟು ದೊಡ್ಡ ಆಯುಧ ನಮ್ಮ 224 ಜನರ ಕೈಯಲ್ಲಿದೆ. ಬಳಸುತ್ತಾರಾ? ಚರ್ಚೆಗೆ ಇಟ್ಟ ಸಮಯ ಗಲಾಟೆಯಲ್ಲಿ ಕಳೆಯುತ್ತದೆ. ಚರ್ಚೆಯಾಗದೆ ಉಳಿದ ಬೇಡಿಕೆಗಳನ್ನೆಲ್ಲ ಒಟ್ಟಿಗೆ ಧ್ವನಿಮತಕ್ಕೆ ಹಾಕಿ ಮುಗಿಸಿಬಿಡುವುದುಂಟು. ಸಾವಿರಾರು ಕೋಟಿಗೆ ಒಂದು "ಹೌದು". ಆಡಳಿತ ಪಕ್ಷದ ಶಾಸಕರಿಗೆ "ಇಲ್ಲ" ಅನ್ನುವ ದಾರಿಯೂ ಇಲ್ಲ. ವಿಪ್, ಅಂದರೆ ಹೀಗೇ ಮತ ಹಾಕಿ ಅನ್ನುವ ಪಕ್ಷದ ಆದೇಶ, ಮೀರಿ ಮತ ಹಾಕಿದರೆ ಶಾಸಕ ಸ್ಥಾನವೇ ಹೋಗುತ್ತದೆ. 1985ರ ಪಕ್ಷಾಂತರ ನಿಷೇಧ ಕಾನೂನು ಬಂದಿದ್ದು ಶಾಸಕರ ಖರೀದಿ ನಿಲ್ಲಿಸಲು. ಖರೀದಿ ನಿಂತಿತಾ ಅನ್ನುವುದನ್ನು 2019ರಲ್ಲಿ ಎಲ್ಲರೂ ನೋಡಿದ್ದೀರಿ. ತಮ್ಮ ಸರ್ಕಾರದ ಬಜೆಟ್ಟಿನ ಒಂದು ಸಾಲನ್ನು ಒಪ್ಪದ ಪ್ರಾಮಾಣಿಕ ಶಾಸಕರ ಬಾಯಿ ಮಾತ್ರ ಕಟ್ಟಿತು.

ಇನ್ನು ಖರ್ಚಾದ ಮೇಲೆ ಲೆಕ್ಕ. ಸಿಎಜಿ, ಅಂದರೆ ಮಹಾಲೆಕ್ಕ ಪರಿಶೋಧಕರು, ಲೆಕ್ಕ ತಪಾಸಣೆ ಮಾಡಿ ವರದಿ ಕೊಡುತ್ತಾರೆ. ಅದನ್ನು ಸದನದಲ್ಲಿ ಇಡಲೇಬೇಕು. ಯಾವಾಗ ಇಡುತ್ತಾರೆ? ಬಹಳ ಸಲ ಅಧಿವೇಶನದ ಕೊನೆಗೆ, ಎಲ್ಲರೂ ಊರಿಗೆ ಹೊರಟಾಗ. ವರದಿ ಆಮೇಲೆ ಸಾರ್ವಜನಿಕ ಲೆಕ್ಕಪತ್ರ ಸಮಿತಿಗೆ ಹೋಗುತ್ತದೆ. ಅದರ ಅಧ್ಯಕ್ಷತೆ ವಿರೋಧ ಪಕ್ಷಕ್ಕೆ ಬಿಡುವುದು ರೂಢಿ. ಇಲಾಖೆಯ ಕಾರ್ಯದರ್ಶಿಗಳನ್ನೇ ಕರೆಸಿ, ಈ ದುಡ್ಡು ಎಲ್ಲಿ ಹೋಯಿತು ಅಂತ ಆ ಸಮಿತಿ ಕೇಳಬಹುದು. ಅಲ್ಲಿ ರೆಸಾರ್ಟ್ ಇಲ್ಲ, ಬಸ್ಸಿಲ್ಲ, ನಡುರಾತ್ರಿ ಕೋರ್ಟಿಲ್ಲ. ಹಾಗಾಗಿ ಟಿವಿಯವರೂ ಇಲ್ಲ.

ಭಾವನ ಬಗ್ಗೆ ಒಂದು ಒಳ್ಳೆಯ ಮಾತನ್ನೂ ಹೇಳಬೇಕು. ಮೊನ್ನೆ ಅವರು ಮೊದಲ ಸಲ ದೊಡ್ಡೋರು ಚಿಕ್ಕೋರು ಬಿಟ್ಟು ಬೇರೆ ಕೇಳಿದರು. "ಸದನ ಪಾಸ್ ಮಾಡಿದ ಮಸೂದೆನ ರಾಜ್ಯಪಾಲರು ಎಷ್ಟು ದಿನ ಇಟ್ಕೋಬಹುದಮ್ಮ?" ಒಳ್ಳೆ ಪ್ರಶ್ನೆ. 200ನೇ ವಿಧಿಯಲ್ಲಿ ದಿನದ ಲೆಕ್ಕ ಇಲ್ಲ. 2025ರ ಏಪ್ರಿಲ್‌ನಲ್ಲಿ ತಮಿಳುನಾಡಿನ ಪ್ರಕರಣದಲ್ಲಿ ಇಬ್ಬರು ನ್ಯಾಯಮೂರ್ತಿಗಳ ಪೀಠ ಗಡುವು ಹಾಕಿತು. ರಾಷ್ಟ್ರಪತಿಗಳು ಕೋರ್ಟಿನ ಅಭಿಪ್ರಾಯ ಕೇಳಿದರು. ನವೆಂಬರ್‌ನಲ್ಲಿ ಐವರ ಪೀಠ, ಗಡುವು ಹಾಕಲು ನಮಗೆ ಬರುವುದಿಲ್ಲ, ಆದರೆ ಕಾರಣವಿಲ್ಲದೆ ಕಾಲ ತಳ್ಳುತ್ತಾ ಕೂತರೆ ತೀರ್ಮಾನ ತೆಗೆದುಕೊಳ್ಳಿ ಅಂತ ಹೇಳಬಲ್ಲೆವು ಅಂದಿತು. ಇದನ್ನು ಹೇಳಿದೆ. ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅಂದ್ರೆ ದಿನ ಎಷ್ಟು ಅಂತ ಯಾರಿಗೂ ಗೊತ್ತಿಲ್ಲ ಅನ್ನು" ಅಂದರು. ಹೌದು ಭಾವ, ಅಷ್ಟೇ.

ಇನ್ನೂ ಅನುಮಾನ ಇದ್ದವರು ಬಜೆಟ್ ಅಧಿವೇಶನದಲ್ಲಿ ಒಂದು ದಿನ ವಿಧಾನಸೌಧಕ್ಕೆ ಹೋಗಿ ಬನ್ನಿ. ಗ್ಯಾಲರಿ ಪಾಸಿಗೆ ನಿಮ್ಮ ಶಾಸಕರನ್ನು ಕೇಳಿ, ಆ ನೆಪದಲ್ಲಾದರೂ ಅವರಿಗೆ ನಿಮ್ಮ ಮುಖ ಗೊತ್ತಾಗಲಿ. ಬಜೆಟ್ ಮಂಡಿಸುವ ದಿನ ಬೇಡ, ನೂಕುನುಗ್ಗಲು. ಬೇಡಿಕೆಗಳ ಮೇಲೆ ಚರ್ಚೆ ಇರುವ ದಿನ ಹೋಗಿ, ಮಧ್ಯಾಹ್ನ ಊಟದ ನಂತರ. ಕೂರಲು ಬೇಕಾದಷ್ಟು ಜಾಗ ಇರುತ್ತದೆ, ಮೇಲೆ ಗ್ಯಾಲರಿಯಲ್ಲೂ, ಕೆಳಗೆ ಸದನದಲ್ಲೂ.