ಬಿಇಟಿ ಪ್ರಶಸ್ತಿಯ ಆ ಭಾನುವಾರ

2016ರ ಜೂನ್ 26ರ ಭಾನುವಾರ ಸಂಜೆ, ಅಟ್ಲಾಂಟಾದಲ್ಲಿ ನನ್ನ ಸಹೋದ್ಯೋಗಿಯೊಬ್ಬರ ಮನೆಯಲ್ಲಿ, ಅವರ ಕುಟುಂಬದ ಜೊತೆ ಕುಳಿತು ಬಿಇಟಿ ಪ್ರಶಸ್ತಿ ಪ್ರದಾನ ಸಮಾರಂಭವನ್ನು ಮೊದಲಿನಿಂದ ಕೊನೆಯವರೆಗೂ ನೋಡಿದೆ. ಬಿಇಟಿ ಎಂದರೆ ಬ್ಲ್ಯಾಕ್ ಎಂಟರ್‌ಟೈನ್‌ಮೆಂಟ್ ಟೆಲಿವಿಷನ್. ರಾಬರ್ಟ್ ಜಾನ್ಸನ್ 1980ರಲ್ಲಿ ಆರಂಭಿಸಿದಾಗ ವಾರಕ್ಕೆ ಎರಡೇ ಗಂಟೆ ಪ್ರಸಾರವಾಗುತ್ತಿದ್ದ ಈ ವಾಹಿನಿ, 2001ರಿಂದ ಕಪ್ಪು ಜನಾಂಗದ ಸಂಗೀತಗಾರರನ್ನೂ ನಟರನ್ನೂ ಕ್ರೀಡಾಪಟುಗಳನ್ನೂ ವರ್ಷವರ್ಷವೂ ಗೌರವಿಸುತ್ತ ಬಂದಿದೆ.

ಸಂಗೀತಕ್ಕೆ ಗ್ರ್ಯಾಮಿ ಇದೆ, ಸಿನಿಮಾಕ್ಕೆ ಆಸ್ಕರ್ ಇದೆ, ಇವರಿಗೆ ಬೇರೆಯದೇ ಪ್ರಶಸ್ತಿ ಏಕೆ ಬೇಕು ಎಂಬ ಮಾತು ಅಮೆರಿಕದ ನಮ್ಮ ಭಾರತೀಯರ ಕೂಟಗಳಲ್ಲಿ ಆಗಾಗ ಕಿವಿಗೆ ಬೀಳುತ್ತದೆ. ಆ ವರ್ಷ ಆಸ್ಕರ್‌ನ ಅಭಿನಯ ವಿಭಾಗಗಳಿಗೆ ನಾಮನಿರ್ದೇಶನಗೊಂಡ 20 ಮಂದಿಯೂ ಬಿಳಿಯರೇ ಆಗಿದ್ದರು. ಹಿಂದಿನ ವರ್ಷವೂ ಹಾಗೆಯೇ ಆಗಿತ್ತು. 1989ರಲ್ಲಿ ಗ್ರ್ಯಾಮಿ ಮೊದಲ ಬಾರಿಗೆ, ಕಪ್ಪು ಜನರಲ್ಲಿ ಹುಟ್ಟಿದ ಹಾಡಿನ ಪ್ರಕಾರವಾದ ರ‍್ಯಾಪ್‌ಗೆ ಪ್ರಶಸ್ತಿ ಕೊಟ್ಟಾಗ ಆ ಭಾಗವನ್ನು ಟಿವಿಯಲ್ಲಿ ತೋರಿಸಲಿಲ್ಲ, ಗೆದ್ದವರು ಸಮಾರಂಭಕ್ಕೆ ಹೋಗಲೂ ಇಲ್ಲ. ಆದರೆ ಈ ಯಾವ ಲೆಕ್ಕಕ್ಕಿಂತಲೂ ಹೆಚ್ಚು ತಿಳಿಸಿಕೊಟ್ಟವರು ಸಹೋದ್ಯೋಗಿಯ ವೃದ್ಧ ತಾಯಿ. ಅಲಬಾಮಾದಲ್ಲಿ ಬೆಳೆದ ಅವರು, ತಮ್ಮ ಹರೆಯದಲ್ಲಿ ತಮ್ಮವರು ಯಾರಾದರೂ ಟಿವಿಯಲ್ಲಿ ಕಾಣಿಸಿಕೊಂಡರೆ ಬೀದಿಯವರೆಲ್ಲ ಒಬ್ಬರಿಗೊಬ್ಬರು ಫೋನ್ ಮಾಡಿ ತಿಳಿಸುತ್ತಿದ್ದರು, ಫೋನ್ ಇಡುವಷ್ಟರಲ್ಲಿ ಆ ಮುಖ ಮರೆಯಾಗಿರುತ್ತಿತ್ತು ಎಂದು, ತಟ್ಟೆಗೆ ಬೇಯಿಸಿದ ಸೊಪ್ಪನ್ನು ಬಡಿಸುತ್ತಲೇ ಹೇಳಿದರು.

ಲಾಸ್ ಏಂಜಲೀಸ್‌ನ ಮೈಕ್ರೋಸಾಫ್ಟ್ ಥಿಯೇಟರ್‌ನಲ್ಲಿ ಕಾರ್ಯಕ್ರಮ ಆರಂಭವಾದದ್ದು ಮಾರ್ಟಿನ್ ಲೂಥರ್ ಕಿಂಗ್ ಅವರ ಭಾಷಣದ ಧ್ವನಿಯೊಂದಿಗೆ. ಹಿಂದೆಯೇ ಗಾಯಕಿ ಬಿಯಾನ್ಸೆ ತಮ್ಮ ನರ್ತಕಿಯರೊಂದಿಗೆ ನೀರು ತುಂಬಿದ ವೇದಿಕೆಗೆ ಇಳಿದರು, ಗಾಯಕ ಕೆಂಡ್ರಿಕ್ ಲಮಾರ್ ಬಂದು ಸೇರಿಕೊಂಡರು. ಕಾಲು ಅಪ್ಪಳಿಸಿದಾಗಲೆಲ್ಲ ನೀರು ಬೆಳಕಿನಲ್ಲಿ ಮೊಣಕಾಲೆತ್ತರಕ್ಕೆ ಸಿಡಿಯುತ್ತಿತ್ತು, ಆ ಸದ್ದೇ ತಾಳವಾಗುತ್ತಿತ್ತು. ಹಾಡು ಬಿಡುಗಡೆಯ ಕುರಿತಾದದ್ದು. ಕೋಣೆಯಲ್ಲಿದ್ದ ಮಕ್ಕಳು ಸಹ ಆ ಹೊತ್ತಿನಲ್ಲಿ ಮಾತು ನಿಲ್ಲಿಸಿದ್ದರು.

ಎಲ್ಲರೂ ಕಾದಿದ್ದುದು ಗಾಯಕ ಪ್ರಿನ್ಸ್ ಅವರಿಗೆ ಸಲ್ಲಲಿದ್ದ ನಮನಕ್ಕಾಗಿ. ಅವರು ತೀರಿಕೊಂಡದ್ದು ಅದೇ ವರ್ಷದ ಏಪ್ರಿಲ್ 21ರಂದು. ಮೇ ತಿಂಗಳಲ್ಲಿ ಬಿಲ್‌ಬೋರ್ಡ್ ಸಂಗೀತ ಪ್ರಶಸ್ತಿ ಸಮಾರಂಭದಲ್ಲಿ ಗಾಯಕಿ ಮಡೋನಾ ಸಲ್ಲಿಸಿದ ನಮನ ಬಹಳ ಮಂದಿಗೆ ಸಮಾಧಾನ ತಂದಿರಲಿಲ್ಲ. ನಾವೂ ನೋಡಿದೆವು, ಚಿಂತಿಸಬೇಡಿ, ನಾವಿದ್ದೇವೆ ಎಂಬರ್ಥದಲ್ಲಿ ಬಿಇಟಿ ಟ್ವಿಟ್ಟರ್‌ನಲ್ಲಿ ಬರೆದಿತ್ತು. ಕೊಟ್ಟ ಮಾತನ್ನು ಅದು ಉಳಿಸಿಕೊಂಡ ರೀತಿ ನನಗೆ ಬಹಳ ಹಿಡಿಸಿತು. ನಮನವನ್ನು ಒಂದೇ ಗಂಟಾಗಿ ಮುಗಿಸದೆ ಸಂಜೆಯುದ್ದಕ್ಕೂ ಹಂಚಿದ್ದರು. ಸಾವಿನ ಮನೆಗೆ ಬಂದ ನೆಂಟರು ಒಬ್ಬೊಬ್ಬರಾಗಿ ಹೋದವರ ಗುಣ ಹೇಳಿಕೊಂಡು ಹಗುರಾಗುವ ಹಾಗೆ, ಎರಿಕಾ ಬಾಡು ಬಂದರು, ಸ್ಟೀವಿ ವಂಡರ್ ಬಂದರು, ಮ್ಯಾಕ್ಸ್‌ವೆಲ್, ಜನೆಲ್ ಮೊನೇ, ಜೆನಿಫರ್ ಹಡ್ಸನ್ ಬಂದರು. ಬಿಲಾಲ್ ಎಂಬ ಗಾಯಕ ಹಾಡಿನ ತುದಿಯಲ್ಲಿ ನೆಲಕ್ಕೆ ಕುಸಿದು, ದನಿ ಒಡೆಯುವಷ್ಟು ಏರಿಸಿ ಕೂಗಿದಾಗ ಸಹೋದ್ಯೋಗಿಯ ಪತ್ನಿ ಎದ್ದು ನಿಂತೇ ಬಿಟ್ಟರು. ಕೊನೆಗೆ ಬಂದವರು, ಪ್ರಿನ್ಸ್ ಅವರ ತಂಡದಲ್ಲಿ ವರ್ಷಗಟ್ಟಲೆ ಡ್ರಮ್ಸ್ ನುಡಿಸಿದ್ದ ಶೀಲಾ ಇ ಎಂಬ ಕಲಾವಿದೆ. ಅವರು ಒಂದರ ಹಿಂದೊಂದು ಹಾಡು ಎತ್ತಿಕೊಂಡು ವೇದಿಕೆಯನ್ನು ಕುಣಿಸಿದ ಬಗೆಯಲ್ಲಿ ಅಳುವಿಗೆ ಎಡೆಯೇ ಇರಲಿಲ್ಲ. ಸಹೋದ್ಯೋಗಿಯ ಕುಟುಂಬವೂ ಕುರ್ಚಿಗಳನ್ನು ಗೋಡೆಗೆ ಸರಿಸಿ ಕುಣಿಯಿತು, ನಾನೂ ಕುಣಿದೆ. ಹಾಡಿನ ಹಕ್ಕುಗಳಿಗಾಗಿ ಧ್ವನಿಮುದ್ರಣ ಕಂಪನಿಯೊಂದಿಗೆ ಜಗಳವಾಡುತ್ತ, ಕೆನ್ನೆಯ ಮೇಲೆ ಗುಲಾಮ ಎಂದು ಬರೆದುಕೊಂಡು ತಿರುಗಿದ ಕಲಾವಿದನನ್ನು, ಆ ಪದದ ಭಾರವನ್ನು ತಲೆಮಾರುಗಳಿಂದ ಹೊತ್ತವರೇ ಹೀಗೆ ಸಂಭ್ರಮದಿಂದ ಬೀಳ್ಕೊಟ್ಟದ್ದು ಸರಿಯಾಗಿತ್ತು.

ಅದೇ ಸಂಜೆ ಮಾನವೀಯ ಸೇವೆಯ ಪ್ರಶಸ್ತಿ ಪಡೆದ ನಟ ಜೆಸ್ಸಿ ವಿಲಿಯಮ್ಸ್ ಮಾಡಿದ ಭಾಷಣವನ್ನು ಮಾತ್ರ ಯಾರೂ ಸುಮ್ಮನೆ ಕುಳಿತು ಕೇಳಲಿಲ್ಲ. ಪೊಲೀಸರು ಬಿಳಿಯರ ವಿಷಯದಲ್ಲಿ ದಿನನಿತ್ಯ ಪರಿಸ್ಥಿತಿಯನ್ನು ತಣ್ಣಗಾಗಿಸಿ, ಆಯುಧ ಕಿತ್ತುಕೊಂಡು, ಕೊಲ್ಲದೆ ಬಿಡಬಲ್ಲರು ಎಂದು ಅವರು ನೆನಪಿಸಿದರು. ಕ್ಲೀವ್‌ಲ್ಯಾಂಡ್‌ನಲ್ಲಿ ಆಟಿಕೆಯ ಪಿಸ್ತೂಲು ಹಿಡಿದಿದ್ದಾಗ ಪೊಲೀಸರ ಗುಂಡಿಗೆ ಬಲಿಯಾದ 12 ವರ್ಷದ ಟಮೀರ್ ರೈಸ್ ಬದುಕಿದ್ದರೆ ಹಿಂದಿನ ದಿನಕ್ಕೆ 14 ತುಂಬುತ್ತಿತ್ತು ಎಂದರು. ಅಷ್ಟೇ ಅಲ್ಲ, ಎದುರಿಗೇ ಕುಳಿತಿದ್ದ ತಾರೆಯರಿಗೆ, ದುಡಿದ ಹಣವನ್ನೆಲ್ಲ ಮೈಮೇಲಿನ ಯಾರದೋ ಬ್ರ್ಯಾಂಡಿಗೆ ಮರಳಿ ಸುರಿಯುತ್ತಿದ್ದೇವೆ ಎಂದು ಹೇಳುವ ಧೈರ್ಯವನ್ನೂ ಮಾಡಿದರು. ಮುದುಕಿ ತಾಯಿ, ಚರ್ಚಿನಲ್ಲಿ ಉಪದೇಶಕರಿಗೆ ದನಿಗೂಡಿಸುವ ರೂಢಿಯಂತೆ, ಪ್ರತಿ ವಾಕ್ಯಕ್ಕೂ ಅಂಗೈ ಎತ್ತಿ "ಹೇಳು ಮಗನೇ, ಹೇಳು" ಎನ್ನುತ್ತಿದ್ದರು. ತಮ್ಮನ್ನು ಕಡೆಗಣಿಸಿ ಎಲ್ಲರನ್ನೂ ಪೊರೆದ ಕಪ್ಪು ಹೆಂಗಸರಿಗೆ ನಾವು ಇನ್ನೂ ಒಳ್ಳೆಯದನ್ನು ಮಾಡಬೇಕು, ಮಾಡುತ್ತೇವೆ ಎಂದು ವಿಲಿಯಮ್ಸ್ ಹೇಳಿದಾಗ ಮಾತ್ರ ಆಕೆ ದನಿ ಎತ್ತಲಿಲ್ಲ, ಮಗನ ಕೈ ಹಿಡಿದುಕೊಂಡರು.

ಬೇರೆ ಸಮಾರಂಭಗಳಲ್ಲೂ ಕಲಾವಿದರು ರಾಜಕೀಯ ಮಾತಾಡುತ್ತಾರೆ. ಆದರೆ ಅಲ್ಲಿ ಆಡುವ ಮಾತು ಹೊರಗಿನವರಿಗೆ ವಿವರಣೆ ಕೊಡುವ ಮಾತಾಗಿರುತ್ತದೆ. ಇಲ್ಲಿ ವಿಲಿಯಮ್ಸ್ ಯಾರಿಗೂ ವಿವರಣೆ ಕೊಡಬೇಕಾಗಿರಲಿಲ್ಲ, ತಮ್ಮವರನ್ನೇ ತರಾಟೆಗೆ ತೆಗೆದುಕೊಳ್ಳುವ ಸಲುಗೆಯೂ ಅವರಿಗಿತ್ತು. ಪ್ರತ್ಯೇಕ ವೇದಿಕೆ ಏಕೆ ಎಂದು ಕೇಳುವವರು ಈ ಸಲುಗೆಯ ಬೆಲೆಯನ್ನು ಗಮನಿಸಬೇಕೆಂದು ನನ್ನ ಆಸೆ.

ಬಳಿಕ, ಈ ಭಾಷಣಕ್ಕಾಗಿ ವಿಲಿಯಮ್ಸ್ ಅವರನ್ನು, ಅವರು ವೈದ್ಯನಾಗಿ ನಟಿಸುತ್ತಿದ್ದ ಗ್ರೇಸ್ ಅನಾಟಮಿ ಎಂಬ ಟಿವಿ ಧಾರಾವಾಹಿಯಿಂದ ತೆಗೆದುಹಾಕಬೇಕೆಂದು ಅಂತರ್ಜಾಲದಲ್ಲಿ ಸಹಿ ಸಂಗ್ರಹ ನಡೆಯಿತು. ಸಹೋದ್ಯೋಗಿ ಆಫೀಸಿನಲ್ಲಿ ಫೋನಿನಲ್ಲೇ ಆ ಅರ್ಜಿಯನ್ನು ತೋರಿಸಿ, ಅಮ್ಮನಿಗೆ ಇದನ್ನು ಓದಿ ಹೇಳಿದಾಗ, ಇದಕ್ಕೆ ವಿರುದ್ಧದ ಅರ್ಜಿ ಇದ್ದರೆ ತನ್ನ ಹೆಸರು ಹಾಕು ಎಂದರು ಎಂದು ತಿಳಿಸಿದರು. ಧಾರಾವಾಹಿಯ ಸೃಷ್ಟಿಕರ್ತೆ ಶೋಂಡಾ ರೈಮ್ಸ್ ಆ ಒತ್ತಾಯಕ್ಕೆ ಸೊಪ್ಪು ಹಾಕಲಿಲ್ಲ. ವಿಲಿಯಮ್ಸ್ 2021ರವರೆಗೂ ಅದೇ ವೈದ್ಯನ ಪಾತ್ರದಲ್ಲಿ ಮುಂದುವರಿದರು.