ಅತ್ತೆಗೂ ಊಟ ಆಗ್ಬೇಕು ಅಂತ ಹುಡುಕಿದ ಜಾಗ

ಫ್ಲೋರಿಡಾದ ಡಿಸ್ನಿ ವರ್ಲ್ಡ್‌ಗೆ ಹೋಗ್ತೀವಿ ಅಂದ ತಕ್ಷಣ ಎಲ್ರೂ ಯಾವ ರೈಡು, ಎಷ್ಟೊತ್ತು ಕ್ಯೂ ಅಂತ ನೋಡೋಕೆ ಶುರು ಮಾಡ್ತಾರೆ, ನಾನು ಎರಡು ತಿಂಗಳು ಕೂತು ನೋಡಿದ್ದು ಮಾತ್ರ ಮೆನು. ಯಾಕಂದ್ರೆ ಹೊರಟಿದ್ದು ಒಂಬತ್ತು ಜನ. ಅಟ್ಲಾಂಟಾದಿಂದ ನಾನು, ನಮ್ಮೆಜಮಾನ್ರು, ಮಕ್ಕಳಿಬ್ರು, ತೀರ್ಥಹಳ್ಳಿಯಿಂದ ಬಂದಿದ್ದ ಅತ್ತೆ ಮಾವ. ನ್ಯೂಜೆರ್ಸಿಯಿಂದ ಮೈದುನ, ವಾರಗಿತ್ತಿ, ಅವರ ಎರಡು ವರ್ಷದ ಪಾಪು. ಒಂದು ಮನೇಲಿ ಒಂದು ಹೊತ್ತಿಗೆ ಅಡುಗೆ ಮಾಡಿ ಹಾಕಿದ್ರೂ ಇಷ್ಟು ಜನಕ್ಕೆ ಒಂದೇ ಊಟ ಒಗ್ಗಲ್ಲ, ಇನ್ನು ಪಾರ್ಕ್ ಒಳಗಿನ ಹೋಟ್ಲಲ್ಲಿ ಏನು ಕಥೆ.

ಯಾರ್ಯಾರು ಏನು ತಿಂತಾರೆ ಅಂತ ಹೇಳಿಬಿಡ್ತೀನಿ. ಅತ್ತೆ ಮೊಟ್ಟೆ ಮುಟ್ಟಲ್ಲ, ಮೊಟ್ಟೆ ಹಾಕಿದ ಕೇಕೂ ಇಲ್ಲ, ಮಾಂಸ ಬೇಯಿಸಿದ ಪಾತ್ರೆ, ಸೌಟು ಸೋಕಿದೆ ಅಂತ ಗೊತ್ತಾದ್ರೆ ತಟ್ಟೆ ಪಕ್ಕಕ್ಕಿಟ್ಟುಬಿಡ್ತಾರೆ. ಶನಿವಾರ ಒಪ್ಪತ್ತು, ಅವತ್ತು ಈರುಳ್ಳಿ ಬೆಳ್ಳುಳ್ಳೀನೂ ಇಲ್ಲ. ಮಾವಂಗೆ ಶುಗರ್, ಹನ್ನೆರಡೂವರೆ ಒಳಗೆ ಊಟ ಆಗಿ ಮಾತ್ರೆ ತಗೋಬೇಕು, ಅನ್ನ ಇಲ್ದೇ ಇದ್ರೆ ಊಟ ಅಂತ ಲೆಕ್ಕಕ್ಕೇ ಇಲ್ಲ, ಸಲಾಡ್ ಕೊಟ್ರೆ ಹಸಿ ಸೊಪ್ಪು ತಿಂದು ಹೊಟ್ಟೆ ತುಂಬುತ್ತಾ ಅಂತ ಕೇಳ್ತಾರೆ. ಮಗಳಿಗೆ ಹದಿಮೂರು, ಏನೇ ಕೊಟ್ರೂ ಒಳಗಿನ ಈರುಳ್ಳಿ ಒಂದೊಂದೇ ಆರಿಸಿ ತಟ್ಟೆ ಅಂಚಿಗೆ ಸಾಲಾಗಿ ಇಡ್ತಾಳೆ. ಮಗಂಗೆ ಆರು, ಅವನಿಗೆ ಊಟ ಬೆಳ್ಳಗಿರ್ಬೇಕು, ಅನ್ನ, ಮೊಸರು, ಬೆಣ್ಣೆ ಹಾಕಿದ ಪಾಸ್ತಾ, ಮತ್ತೆ ತಟ್ಟೇಲಿ ಒಂದಕ್ಕೊಂದು ತಾಗಬಾರ್ದು. ಪಾಪುಗೆ ಕಡ್ಲೆಬೀಜದ ಅಲರ್ಜಿ. ಮೈದುನ ಚಿಕನ್ ತಿಂತಾನೆ, ಆದ್ರೆ ಅಮ್ಮನ ಮುಂದೆ ಇವತ್ತಿನವರೆಗೂ ತಿಂದಿಲ್ಲ.

ಇಷ್ಟೊಂದು ತಲೆ ಕೆಡಿಸ್ಕೊಳ್ಳೋಕೆ ಕಾರಣ ಇತ್ತು. ಅದಕ್ಕೂ ಹಿಂದಿನ ಸಲ ಅತ್ತೆ ಮಾವ ಬಂದಾಗ ಬೇರೆ ಊರಿನ ಬೇರೆ ಒಂದು ಅಮ್ಯೂಸ್‌ಮೆಂಟ್ ಪಾರ್ಕ್‌ಗೆ ಕರ್ಕೊಂಡು ಹೋಗಿದ್ವಿ, ಮಧ್ಯಾಹ್ನ ಮಕ್ಕಳು ತೋರಿಸಿದ ಕಡೆ ನುಗ್ಗಿದ್ವಿ, ಅಲ್ಲಿ ಅತ್ತೆಗೆ ಅಂತ ಸಿಕ್ಕಿದ್ದು ಫ್ರೆಂಚ್ ಫ್ರೈಸ್ ಒಂದೇ. ಅವರು ನಾಲ್ಕು ತಿಂದಿದ್ರೋ ಏನೋ, ಪಕ್ಕದ ಟೇಬಲ್‌ನವರು ಫ್ರೈಸೂ ಚಿಕನ್ನೂ ಒಂದೇ ಎಣ್ಣೇಲಿ ಕರೀತಾರೆ ಅಂತ ಮಾತಾಡಿದ್ದು ನನ್ ಮಗಳ ಕಿವಿಗೆ ಬಿತ್ತು, ಅವಳು ಜೋರಾಗಿ ಹೇಳಿಬಿಟ್ಳು. ಅತ್ತೆ ಏನೂ ಅನ್ನಲಿಲ್ಲ. ಪೇಪರ್ ನ್ಯಾಪ್‌ಕಿನ್‌ಲ್ಲಿ ಬೆರಳು ಒಂದೊಂದೇ ಒರೆಸ್ಕೊಂಡು, ಎದ್ದು ಹೋಗಿ ಬಾಯಿ ಮುಕ್ಕಳಿಸಿ ಬಂದು ಕೂತು, "ನಂಗೆ ಹಸಿವಿಲ್ಲ ಕಣೇ, ನೀವೆಲ್ಲ ತಿನ್ನಿ" ಅಂದ್ರು. ಸಂಜೆ ಆರು ಗಂಟೆ ತನಕ ನೀರು ಬಿಟ್ರೆ ಏನೂ ಇಲ್ಲ. ಮಕ್ಕಳ ಚೀಲ ಹಿಡ್ಕೊಂಡು ಬೆಂಚ್ ಮೇಲೆ ಕೂತಿದ್ದ ಅವರ ಮುಖ ಈಗ್ಲೂ ನೆನಪಾಗುತ್ತೆ, ನೆನಪಾದಾಗೆಲ್ಲ ಸಂಕಟ ಆಗುತ್ತೆ. ಎಪ್ಪತ್ತೆರಡು ವಯಸ್ಸಿನವರು ಇಪ್ಪತ್ತು ಗಂಟೆ ವಿಮಾನದಲ್ಲಿ ಕೂತು ಮೊಮ್ಮಕ್ಕಳ ಜೊತೆ ಇರೋಣ ಅಂತ ಬಂದಿರ್ತಾರೆ, ಅವರು ಉಪವಾಸ ಕೂತ್ಕೊಂಡು ನಾವು ಐಸ್‌ಕ್ರೀಮ್ ತಿನ್ನೋದು ಅಂದ್ರೆ ಅದು ಯಾವ ಸೀಮೆ ಟ್ರಿಪ್ಪು?

ಅದಕ್ಕೆ ಈ ಸಲ ಮಕ್ಕಳಿಗೆ ಯಾವುದು ಇಷ್ಟ ಅಂತ ನೋಡಲಿಲ್ಲ, ಎಲ್ಲರಿಗಿಂತ ಕಷ್ಟ ಯಾರಿಗೋ ಅವರಿಂದ ಶುರು ಮಾಡ್ದೆ. ಮಕ್ಕಳಿಗೆ ಎಲ್ಲಾದ್ರೂ ಒಂದು ಚೀಸ್ ಹಾಕಿದ್ದು ಸಿಕ್ಕೇ ಸಿಗುತ್ತೆ. ಅತ್ತೆಗೆ ಹಾಗಲ್ಲ. ಈ ದೇಶದಲ್ಲಿ ವೆಜಿಟೇರಿಯನ್ ಅಂತ ಕೇಳಿದ್ರೆ ಸಾಲಲ್ಲ, ಇಷ್ಟು ವರ್ಷದಲ್ಲಿ ನಾನು ಕಲ್ತಿರೋದು ಅದು. ತರಕಾರಿ ಸೂಪ್ ಅಂತಾರೆ, ಅದರ ನೀರು ಚಿಕನ್ ಬೇಯಿಸಿದ್ದಿರುತ್ತೆ. ಅನ್ನವನ್ನೂ ಕೆಲವು ಕಡೆ ಅದೇ ನೀರಲ್ಲಿ ಬೇಯಿಸ್ತಾರೆ. ಬೀನ್ಸ್‌ಗೆ ಹಂದಿ ಕೊಬ್ಬು ಹಾಕೋರಿದ್ದಾರೆ, ಸೀಸರ್ ಸಲಾಡ್‌ನ ಡ್ರೆಸ್ಸಿಂಗ್‌ಲ್ಲಿ ಮೀನು ಇರುತ್ತೆ, ಮಕ್ಕಳ ಮಾರ್ಷ್‌ಮ್ಯಾಲೋದಲ್ಲಿ ಜೆಲಾಟಿನ್, ಅಂದ್ರೆ ಪ್ರಾಣಿಗಳ ಮೂಳೆ ಚರ್ಮದಿಂದ ತೆಗೆದಿದ್ದು. ಸುಳ್ಳು ಹೇಳ್ಬೇಕು ಅಂತ ಯಾರೂ ಹೇಳಲ್ಲ, ಅವರ ಲೆಕ್ಕದಲ್ಲಿ ಮಾಂಸದ ತುಂಡು ಕಾಣದಿದ್ರೆ ಅದು ವೆಜ್ಜು. ಡಿಸ್ನಿಯಲ್ಲಿ ನನಗೆ ಅನುಕೂಲ ಆಗಿದ್ದು ಮೆನುವಿನಲ್ಲಿರೋ ಎಲೆ ಗುರುತು. 2019ರಲ್ಲಿ ಅವರು ಪ್ಲಾಂಟ್ ಬೇಸ್ಡ್ ಅಂತ ಶುರು ಮಾಡಿದ್ದು, ಆ ಎಲೆ ಇದ್ರೆ ಮಾಂಸ, ಮೊಟ್ಟೆ, ಹಾಲು, ಜೇನು ಯಾವುದೂ ಇಲ್ಲ ಅಂತ ಅರ್ಥ. ನಮ್ಮೋರಿಗೆ ಹಾಲು ಮೊಸರು ಬಿಡೋ ಅಗತ್ಯ ಏನೂ ಇಲ್ಲ, ಆದ್ರೆ ಎಲೆ ಗುರುತು ಹಿಡ್ಕೊಂಡು ಹೋದ್ರೆ ಎಣ್ಣೆ ಮತ್ತೆ ಸೌಟಿನ ವಿಷಯ ಒಂದು ಕೇಳಿದ್ರೆ ಸಾಕಾಗುತ್ತೆ, ಮೊಸರು ನಾವೇ ತಗೊಂಡು ಹೋದ್ರಾಯ್ತು.

ಹೌದು, ತಗೊಂಡು ಹೋಗ್ಬಹುದು! ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ. ಡಿಸ್ನಿ ವರ್ಲ್ಡ್‌ನ ಪಾರ್ಕ್‌ಗಳ ಒಳಗೆ ಮನೆ ಊಟ ಬಿಡ್ತಾರೆ, ಗಾಜಿನ ಡಬ್ಬಿ ಇರಬಾರ್ದು, ಮದ್ಯ ಇರಬಾರ್ದು, ಬಿಸಿ ಮಾಡಿಕೊಡಿ ಅಂತ ಕೇಳೋ ಹಾಗಿಲ್ಲ, ತಣ್ಣಗಿಡೋಕೆ ಬಿಡಿ ಐಸ್ ಬೇಡ, ಐಸ್ ಪ್ಯಾಕ್ ಆಗುತ್ತೆ. ಡಿಸ್ನಿಗೆ ಹತ್ರದ ಊರು ಕಿಸ್ಸಿಮ್ಮಿಯಲ್ಲಿ ಅಡುಗೆಮನೆ ಇರೋ ಬಾಡಿಗೆ ಮನೆ ಹಿಡಿದಿದ್ದೇ ಅದಕ್ಕೆ. ಬೆಳಿಗ್ಗೆ ಐದಕ್ಕೆ ಅತ್ತೆ ಎದ್ದು ಅನ್ನ ಮಾಡಿ, ಅರ್ಧಕ್ಕೆ ಪುಳಿಯೋಗರೆ ಗೊಜ್ಜು ಕಲಸಿ, ಪಾಪುಗೋಸ್ಕರ ಕಡ್ಲೆಬೀಜ ಬಿಟ್ಟು ಬರೀ ಕಡ್ಲೆಬೇಳೆ ಒಗ್ಗರಣೆ ಹಾಕಿ, ಇನ್ನರ್ಧಕ್ಕೆ ಹಾಲು ಜಾಸ್ತಿ ಮೊಸರು ಕಮ್ಮಿ ಹಾಕಿ ಕಲಸಿಟ್ರು, ಮಧ್ಯಾಹ್ನದ ಹೊತ್ತಿಗೆ ಹುಳಿ ಬರದ ಹಾಗೆ.

ಹಾಗಾದ್ರೆ ಹೋಟ್ಲು ಯಾಕೆ, ಡಬ್ಬಿ ಇದೆಯಲ್ಲ ಅಂತ ನಮ್ಮೆಜಮಾನ್ರು ಕೇಳಿದ್ರು. ನನಗೆ ಅದು ಒಪ್ಪಿಗೆ ಇರಲಿಲ್ಲ. ಎಲ್ರೂ ಬಿಸಿ ಬಿಸಿ ತಿನ್ನುವಾಗ ಅವರೊಬ್ರು ಡಬ್ಬಿ ಬಿಚ್ಕೊಂಡು ಕೂರೋದು ಬೇಡ, ಡಬ್ಬಿ ಕೈಯಲ್ಲಿದ್ರೆ ಧೈರ್ಯ ಅಷ್ಟೇ, ಅವರ ಮುಂದೇನೂ ಒಂದು ತಟ್ಟೆ ಬರ್ಬೇಕು.

ಗುರುವಾರ ಡಿಸ್ನಿ ವರ್ಲ್ಡ್‌ನ ಪಾರ್ಕ್‌ಗಳಲ್ಲಿ ಒಂದಾದ ಅನಿಮಲ್ ಕಿಂಗ್‌ಡಮ್ ಅಂತ ಇಟ್ಕೊಂಡ್ವಿ, ಶನಿವಾರ ತಪ್ಪಿಸಿ. 1998ರಲ್ಲಿ ಶುರುವಾದ ಪಾರ್ಕು, ಪ್ರಾಣಿಗಳಿದಾವೆ, ಮರ ನೆರಳು ಜಾಸ್ತಿ, ವಯಸ್ಸಾದೋರಿಗೆ ಉಳಿದ ಪಾರ್ಕ್‌ಗಳಿಗಿಂತ ಇದೇ ಒಳ್ಳೇದು ಅನ್ನೋದು ನನ್ನ ಅಭಿಪ್ರಾಯ. ಮಧ್ಯಾಹ್ನಕ್ಕೆ ಮೂರು ಜಾಗ ಯೋಚನೆ ಮಾಡಿದ್ದೆ. ಟಸ್ಕರ್ ಹೌಸ್‌ನಲ್ಲಿ ಬಫೆ, ಡೊನಾಲ್ಡ್ ಡಕ್ ಬಂದು ಫೋಟೋ ತೆಗೆಸ್ಕೋತಾನೆ, ಮಕ್ಕಳಿಗೆ ಖುಷಿ, ಆದ್ರೆ ಬಫೆ ಅಂದ್ರೆ ಒಂದು ಪಾತ್ರೆ ಸೌಟು ಇನ್ನೊಂದಕ್ಕೆ ಹಾಕೋ ಜನ ಇದ್ದೇ ಇರ್ತಾರೆ, ಮತ್ತೆ ಹತ್ತು ವರ್ಷ ತುಂಬಿದೋರಿಗೆಲ್ಲ ದೊಡ್ಡೋರ ದುಡ್ಡು, ಎರಡು ಚಮಚ ಅನ್ನ ತಿನ್ನೋ ಅತ್ತೆಗೂ ಪೂರ್ತಿ. ಯಾಕ್ ಅಂಡ್ ಯೇಟಿ ಹಿಮಾಲಯದ ಕಡೆ ಮನೆ ಥರ ಚೆನ್ನಾಗಿ ಕಟ್ಟಿದಾರೆ, ಆದ್ರೆ ಕೂತು ಆರ್ಡರ್ ಕೊಟ್ಟು ಕಾಯೋ ಜಾಗ, ಮಾವನ ಮಾತ್ರೆ ಟೈಮ್ ಕಾಯಲ್ಲ. ಮೂರನೇದು, ಅದೇ ಪಾರ್ಕ್‌ನಲ್ಲಿ ಅವತಾರ್ ಸಿನಿಮಾ ಲೋಕದ ಥರ ಕಟ್ಟಿರೋ ಪಂಡೋರಾ ಭಾಗದ ಸಾಟುಲಿ ಕ್ಯಾಂಟೀನ್. ಅದನ್ನೇ ಆರಿಸಿದೆ. ಅಲ್ಲಿ ಬೌಲ್ ಲೆಕ್ಕ, ಕೆಳಗೆ ಅನ್ನ ಬೇಕಾ ನೂಡಲ್ಸ್ ಬೇಕಾ, ಮೇಲೆ ಚಿಕನ್ನಾ ಟೋಫುನಾ (ಸೋಯಾ ಹಾಲಿನ ಪನೀರು), ಯಾವ ಸಾಸು, ಎಲ್ಲ ಅವರವರೇ ಹೇಳ್ಕೋಬಹುದು, ಮಕ್ಕಳಿಗೆ ಚೀಸ್ ಕೆಸಡಿಯಾ, ಅಂದ್ರೆ ಚೀಸ್ ಇಟ್ಟು ಮಡಚಿ ಬೇಯಿಸಿದ ರೊಟ್ಟಿ, ಇದೆ. ಫೋನಲ್ಲೇ ಆರ್ಡರ್ ಹಾಕಿ ಬರೋ ಟೈಮ್ ಕೂಡ ಮೊದಲೇ ಹಿಡ್ಕೋಬಹುದು. ಒಳಗೆ ಎಸಿ.

ಬೆಳಿಗ್ಗೆ ಸಫಾರಿ ಟ್ರಕ್ ಹತ್ತಿದ್ವಿ, ಮಾವ ಆನೆ ನೋಡಿ ಸಕ್ರೆಬೈಲು ನೆನಪು ಮಾಡ್ಕೊಂಡ್ರು, ಇಳಿದ ಮೇಲೆ ಅಲ್ಲೇ ನೆರಳಲ್ಲಿ ಕೂತು ಹನ್ನೆರಡು ಗಂಟೆ ಸ್ಲಾಟ್‌ಗೆ ಆರ್ಡರ್ ಹಾಕ್ದೆ. ಒಬ್ಬೊಬ್ಬರದು ಓದಿ ಹೇಳಿ, ಹೂಂ ಅನ್ನಿಸ್ಕೊಂಡು. ಮೈದುನಂದು ಬಂದಾಗ ಅವನು ಅಮ್ಮನ ಕಡೆ ಒಂದ್ಸಲ ನೋಡಿ "ನಂಗೂ ಟೋಫುನೇ ಹಾಕಿ ಅತ್ತಿಗೆ" ಅಂದ.

ಅತ್ತೆ ಸೆರಗು ಸರಿ ಮಾಡ್ಕೊಂಡು, "ನೀನು ತಿನ್ನೋದು ತಿನ್ನೋ. ಹದಿನೈದು ವರ್ಷ ಆಯ್ತು ನೀ ಈ ದೇಶಕ್ಕೆ ಬಂದು, ನಂಗೇನು ಗೊತ್ತಿಲ್ವಾ? ನನ್ ಸಲುವಾಗಿ ಯಾರೂ ಅರ್ಧ ಹೊಟ್ಟೇಲಿ ಇರೋದು ಬೇಡ, ನನ್ ಪಕ್ಕ ಮಾತ್ರ ಕೂರಬೇಡ" ಅಂದ್ರು. ಅವನು ಏನೂ ಹೇಳದೆ ತಲೆ ತಗ್ಗಿಸಿದ. ನಾನು ಚಿಕನ್ ಅಂತ ಒತ್ತಿದೆ. ಹೋದ ಸಲ ಹಸಿವಿಲ್ಲ ಅಂತ ಕೂತೋರು ಇವರೇ ಅಲ್ವಾ ಅಂತ ನನ್ ಗಂಟಲು ಉಬ್ಬಿ ಬಂತು.

ಊಟ ತಗೋಳೋ ಕಡೆ ಕೌಂಟರ್‌ನಲ್ಲಿ ಪಾಪು ಅಲರ್ಜಿ, ಅತ್ತೆ ವಿಷಯ ಎರಡೂ ಹೇಳಿದೆ, ಆ ಹುಡುಗಿ ಒಳಗೆ ಹೋಗಿ ಕೇಳ್ಕೊಂಡು ಬಂದು, ಟೋಫುದು ಬೇರೆ ಪಾತ್ರೆಯಿಂದ ಬೇರೆ ಚಮಚದಲ್ಲಿ ಹಾಕಿಸಿ ತಂದುಕೊಟ್ಳು. ಎರಡು ಟೇಬಲ್ ಹತ್ರ ಹತ್ರ ಸಿಕ್ಕಿದ್ವು, ಮೈದುನ ಆ ತುದಿ, ಅತ್ತೆ ಈ ತುದಿ. ಅತ್ತೆ ಬೌಲ್ ಮುಂದಿಟ್ಕೊಂಡು ಚಮಚ ಎತ್ತಿದೋರು ಹಾಗೇ ನಿಲ್ಲಿಸಿದ್ರು. ತರಕಾರಿ ಮೇಲೆ ಮಿಣಮಿಣ ಅನ್ನೋ ಸಣ್ಣ ಸಣ್ಣ ಗುಂಡು, ಸಬ್ಬಕ್ಕಿ ಬೆಂದ ಮೇಲೆ ಹೊಳೆಯುತ್ತಲ್ಲ ಹಾಗೆ.

"ಇದು ಮೀನಿನ ಮೊಟ್ಟೆ ಅಲ್ವೇನೇ?"

ನನ್ನೆದೆ ಧಸಕ್ ಅಂತು, ಈ ಸಲಾನೂ ಹೀಗಾಯ್ತಲ್ಲ ಅಂತ. ಬಾಯಿಗೆ ಏನೂ ಬರಲಿಲ್ಲ, ಅಷ್ಟರಲ್ಲಿ ಮಗಳು "ಅಜ್ಜಿ, ಅದು ಬೋಬಾ, ಒಳಗೆ ಹಣ್ಣಿನ ರಸ, ನಾನು ಮಾಲ್‌ಲ್ಲಿ ಕುಡೀತೀನಲ್ಲ ಟೀ, ಅದರಲ್ಲಿರೋದು" ಅಂತ ತನ್ನ ಬೌಲ್‌ನಿಂದ ಒಂದು ಎತ್ತಿ ಹಲ್ಲಲ್ಲಿ ಕಚ್ಚಿ ಪಟ್ ಅನ್ನಿಸಿ ತೋರಿಸಿದಳು. ಅತ್ತೆ ಒಂದನ್ನ ಬೆರಳ ತುದಿಯಲ್ಲಿ ಇಟ್ಕೊಂಡು ಬೆಳಕಿಗೆ ಹಿಡಿದು ನೋಡಿ, ಹೆಬ್ಬೆರಳಲ್ಲಿ ಒತ್ತಿದ್ರು, ರಸ ಚಿಮ್ಮಿತು, ಮೂಸಿ ನೋಡಿ ನಾಲಿಗೆಗೆ ಇಟ್ಕೊಂಡ್ರು. "ಹುಳಿ ಇದೆ" ಅಂದ್ರು, ಇನ್ನೊಂದು ತಗೊಂಡ್ರು. ಟೋಫು ಸಪ್ಪೆ ಅನ್ನಿಸ್ತಂತೆ, ಅದಕ್ಕೆ ಡಬ್ಬಿಯಿಂದ ಪುಳಿಯೋಗರೆ ತೆಗೆದು ಒಂದು ತುತ್ತು ಅದು, ಒಂದು ತುತ್ತು ಇದು ಅಂತ ಪೂರ್ತಿ ಮುಗಿಸಿದ್ರು. ಮಾವ ಅನ್ನ ಬೀನ್ಸು ಕಲಸ್ಕೊಂಡು "ಹುರುಳಿಕಾಳು ಸಾರಿನ ಹಾಗಿದೆ" ಅಂತ ತಿಂದು, ಹನ್ನೆರಡೂ ಇಪ್ಪತ್ತಕ್ಕೆ ಮಾತ್ರೆ ನುಂಗಿದ್ರು. ಮಗ ಮಾತ್ರ ಕೆಸಡಿಯಾ ಕಂದು ಬಣ್ಣ ಆಗಿದೆ ಅಂತ ಮುಟ್ಟಲಿಲ್ಲ, ಅಜ್ಜಿ ಡಬ್ಬಿಯ ಮೊಸರನ್ನ ತಿಂದ. ಇರಲಿ, ಅದಕ್ಕೇ ತಂದಿದ್ದು.

ರಾತ್ರಿ ಊಟಕ್ಕೆ ಅಂತ 60 ದಿನ ಮುಂಚೆ, ಬುಕಿಂಗ್ ತೆರೆಯೋ ದಿನವೇ, ಬೆಳಿಗ್ಗೆ ಅಲಾರಂ ಇಟ್ಟು ಎದ್ದು ಒಂದು ಜಾಗ ಹಿಡಿದಿದ್ದೆ, ಸನಾ ಅಂತ. ಅದು ಪಾರ್ಕ್ ಒಳಗಿಲ್ಲ, ಪಕ್ಕದ ಅನಿಮಲ್ ಕಿಂಗ್‌ಡಮ್ ಲಾಡ್ಜ್‌ನ ಕಿದಾನಿ ವಿಲೇಜ್‌ನಲ್ಲಿದೆ, ಪಾರ್ಕ್‌ನಿಂದ ಕಾರಲ್ಲಿ ಸ್ವಲ್ಪ ದೂರ, ಪಾರ್ಕ್ ಟಿಕೆಟ್ ಬೇಕಿಲ್ಲ. ಆಫ್ರಿಕಾ ಮತ್ತೆ ಇಂಡಿಯಾ ಅಡುಗೆ ಸೇರಿಸಿ ಮಾಡ್ತಾರೆ. ಹೋಗೋರಿಗೆ ಒಂದು ಮಾತು ಹೇಳ್ತೀನಿ, ಡಿಸೆಂಬರ್‌ನಲ್ಲಿ ಅಲ್ಲಿ ಐದೂವರೆಗೆಲ್ಲ ಸೂರ್ಯ ಮುಳುಗ್ತಾನೆ, ಏಳು ಗಂಟೆಗೆ ಬುಕ್ ಮಾಡಿದ್ರೆ ಕಿಟಕಿಯಲ್ಲಿ ನಿಮ್ಮ ಮುಖನೇ ಕಾಣೋದು. ನಾವು ಸಂಜೆ ಬೇಗ ಹೋದ್ವಿ. ಗಾಜಿನ ಆಚೆ ಹುಲ್ಲು ಬಯಲು, ಜಿರಾಫೆ, ಜೀಬ್ರಾ.

ಅಲ್ಲಿ ಎಲ್ರೂ ತರಿಸೋದು ಬ್ರೆಡ್ ಸರ್ವೀಸು. ಐದು ಥರ ನಾನ್, ಕುಲ್ಚಾ, ಪರಾಠ, ಜೊತೆಗೆ ಸಾಲಾಗಿ ಒಂಬತ್ತು ಪುಟ್ಟ ಬಟ್ಟಲು, ರಾಯ್ತ, ಮಾವಿನಕಾಯಿ ಚಟ್ನಿ, ಕೊತ್ತಂಬರಿ ಚಟ್ನಿ, ಹುಣಸೆ ಚಟ್ನಿ, ಬೆಳ್ಳುಳ್ಳಿ ಉಪ್ಪಿನಕಾಯಿ ಹೀಗೆ. ಇಲ್ಲೂ ಮೊಟ್ಟೆ, ಕಡ್ಲೆಬೀಜ ಎರಡೂ ಕೇಳಿ, ಅವರು ಒಳಗಿಂದ ವಿಚಾರಿಸ್ಕೊಂಡು ಬಂದ ಮೇಲೇ ಆರ್ಡರ್ ಕೊಟ್ಟಿದ್ದು. ಮೂರು ಸೆಟ್ ಟೇಬಲ್ ಮೇಲೆ ಬಂತು, ಎಲ್ರೂ ಒಟ್ಟಿಗೆ ಕೈ ಹಾಕಿ ತಿನ್ನೋ ಥರ. ನಿಜ ಹೇಳ್ಬೇಕು ಅಂದ್ರೆ ಇಡೀ ಟ್ರಿಪ್ಪಲ್ಲಿ ಒಂಬತ್ತೂ ಜನ ಒಂದೇ ಊಟ ತಿಂದಿದ್ದು ಅದೊಂದೇ ಹೊತ್ತು. ಮಗ ಬರೀ ನಾನ್ ತಿಂದ, ಮಗಳು ಉಪ್ಪಿನಕಾಯಿ ನೆಕ್ಕಿ ಕಣ್ಣಲ್ಲಿ ನೀರು ತುಂಬ್ಕೊಂಡು ಮತ್ತೆ ನೆಕ್ಕಿದಳು. ಮೈದುನ ಈಗ ಅಮ್ಮನ ಪಕ್ಕದಲ್ಲೇ ಕೂತಿದ್ದ. ಅತ್ತೆ ಒಂಬತ್ತೂ ಬಟ್ಟಲು ಒಂದೊಂದಾಗಿ ರುಚಿ ನೋಡಿ ಹುಣಸೆದು ತಮ್ಮ ಕಡೆ ಎಳ್ಕೊಂಡು, "ಬೆಲ್ಲ ಸ್ವಲ್ಪ ಕಮ್ಮಿ ಹಾಕ್ಬೇಕಿತ್ತು, ಗೊಜ್ಜು ಆಗ್ತಿತ್ತು" ಅಂತ ಮಗನ ತಟ್ಟೆಗೂ ಒಂದು ಚಮಚ ಬಡಿಸಿದ್ರು.

ಅಷ್ಟೊತ್ತಿಗೆ ಹೊರಗೆ ದನ ಬಂದ್ವು. ಅಂಕೋಲೆ ಅಂತ ಆಫ್ರಿಕಾದ ತಳಿ, ಕೊಂಬು ಒಂದೊಂದೂ ನನ್ ತೋಳಿನಷ್ಟು ದಪ್ಪ, ತಲೆ ಮೇಲೆ ಎರಡು ಬಾಗಿದ ಕಂಬ ನಿಲ್ಲಿಸಿದ ಹಾಗೆ. ಇಡೀ ದಿನ ಜಿರಾಫೆ ಸಿಂಹ ನೋಡಿದಾಗ ಸುಮ್ಮನಿದ್ದ ಮಾವ ಕೈಲಿದ್ದ ನಾನ್ ಹಾಗೇ ಹಿಡ್ಕೊಂಡು ಎದ್ದು ಗಾಜಿನ ಹತ್ರ ಹೋದ್ರು. "ನಮ್ ಮಲೆನಾಡು ಗಿಡ್ಡ ಇದರ ಹೊಟ್ಟೆ ಕೆಳಗೆ ದಾಟಿಹೋಗುತ್ತೆ" ಅಂದ್ರು. ಆಮೇಲೆ ನೀರು ತುಂಬೋಕೆ ಬಂದ ಹುಡುಗನ್ನ ನಿಲ್ಲಿಸ್ಕೊಂಡು, ಇದು ದಿನಕ್ಕೆ ಎಷ್ಟು ಹಾಲು ಕೊಡುತ್ತೆ ಕೇಳು ಅಂತ ಮೊಮ್ಮಗಳಿಗೆ ಹೇಳಿದ್ರು, ಅವಳು ಇಂಗ್ಲಿಷ್‌ನಲ್ಲಿ ಕೇಳಿದಳು, ಆ ಹುಡುಗ ವಿಚಾರಿಸ್ಕೊಂಡು ಬರ್ತೀನಿ ಅಂತ ಒಳಗೆ ಹೋದ. ಅವನು ಬರೋ ತನಕ ಮಾವ ಅಲ್ಲೇ ನಿಂತಿದ್ರು, ಅತ್ತೆ ಇಲ್ಲಿಂದ "ತಣ್ಣಗಾಗುತ್ತೆ, ಬಂದು ತಿನ್ನಿ" ಅಂತ ಕರೀತಾ ಇದ್ರು.