ರ‍್ಯಾಮ್ ಇಷ್ಟೊಂದು ಇರುವಾಗ ಕರ್ನಲ್ ಅರೇ ಯಾಕೆ ಚಿಕ್ಕದು ಮಾಡಬೇಕು?

ಕೋಲಾರದಲ್ಲಿ ಇಂಜಿನಿಯರಿಂಗ್ ಓದುವ ಕೆಲವು ಹುಡುಗರು ಭಾನುವಾರ ನಮ್ಮ ಮನೆಗೆ ಬರುತ್ತಾರೆ. ನಾನು ಲಿನಕ್ಸ್ ಕರ್ನಲ್ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ಕೆಲಸ ಮಾಡುತ್ತೇನೆ ಅಂತ ಗೊತ್ತಾದ ಮೇಲೆ ಅವರು ಕೇಳುವ ಪ್ರಶ್ನೆ ಒಂದೇ. "ಅಣ್ಣಾ, ಈಗ ಫೋನಲ್ಲೇ 8 ಜಿಬಿ ರ‍್ಯಾಮ್ ಇರುತ್ತೆ. ಕರ್ನಲ್‌ನಲ್ಲಿ ಒಂದು ಅರೇ ಐನೂರು ಕೆಬಿ ಜಾಸ್ತಿ ತಿಂದ್ರೆ ಏನಾಯ್ತು? ಅದಕ್ಕೆ ವಾರಗಟ್ಟಲೆ ಯಾಕೆ ಕೂರ್ತೀರಾ?" ಆಫೀಸಿಗೆ ಹೊಸದಾಗಿ ಸೇರಿದವರೂ ಇದನ್ನೇ ಕೇಳುತ್ತಾರೆ. ನನ್ನ ಉತ್ತರ ಇಲ್ಲಿದೆ. ಅರೇ ಅಂದರೆ ಒಂದೇ ಥರದ ಡೇಟಾವನ್ನು ಸಾಲಾಗಿ ಇಡುವ ಮೆಮೊರಿ ಜಾಗ.

ಐನೂರು ಕೆಬಿ ಎಲ್ಲಿಂದ ಬಂತು ಅಂತ ಮೊದಲು ನೋಡೋಣ. ಕರ್ನಲ್‌ನಲ್ಲಿ ಎನ್‌ಆರ್ ಸಿಪಿಯುಸ್ ಅಂತ ಒಂದು ಸಂಖ್ಯೆ ಇದೆ. ಈ ಕರ್ನಲ್ ಹೆಚ್ಚೆಂದರೆ ಎಷ್ಟು ಸಿಪಿಯು ನಡೆಸಬಲ್ಲದು ಅನ್ನುವುದನ್ನು ಕಂಪೈಲ್ ಮಾಡುವಾಗಲೇ ಅದರಲ್ಲಿ ಬರೆದಿಡುತ್ತಾರೆ. ಉಬುಂಟು, ಫೆಡೋರಾ ಥರ ಲಿನಕ್ಸ್ ಹಂಚುವವರು ಲ್ಯಾಪ್‌ಟಾಪಿಗೂ ದೊಡ್ಡ ಸರ್ವರಿಗೂ ಒಂದೇ ಕರ್ನಲ್ ಕೊಡಬೇಕು. ಹಾಗಾಗಿ ಆ ಸಂಖ್ಯೆಯನ್ನು 8192ಕ್ಕೆ ಇಡುತ್ತಾರೆ. ಈಗ ಯಾರೋ ಪ್ರತಿ ಸಿಪಿಯುಗೆ 64 ಬೈಟಿನ ಒಂದು ಅರೇ ಬರೆದರು ಅಂದುಕೊಳ್ಳಿ. ಅಲ್ಲಿಗೆ 512 ಕೆಬಿ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಇರೋದು 8 ಸಿಪಿಯು. ಅಂದರೆ ಕೆಲಸಕ್ಕೆ ಬರೋದು ಬರೀ 512 ಬೈಟು. ಇದೇ ಥರದ ಅರೇ ಹತ್ತಾರು ಕಡೆ ಇದ್ದರೆ? ಸಿಪಿಯುಗಳ ಪ್ರತಿ ಜೋಡಿಗೂ ಒಂದೊಂದು ಬೈಟಿನ ಎರಡು ಆಯಾಮದ ಅರೇ ಬರೆದರೆ? 8192ನ್ನು 8192ರಿಂದ ಗುಣಿಸಿ. 64 ಎಂಬಿ!

ನಮ್ಮಪ್ಪ ಟೊಮೆಟೊ ಬೆಳೆಯುತ್ತಾರೆ. ಕೊಯ್ಲಿನ ಹಿಂದಿನ ಸಂಜೆ ತೋಟಕ್ಕೆ ಇಳಿದು ಒಂದೊಂದು ಸಾಲೂ ನಡೆದು ನೋಡುತ್ತಾರೆ. ಎಲೆ ಸರಿಸಿ, ಬಣ್ಣ ತಿರುಗಿದ ಕಾಯಿ ಎಷ್ಟಿದೆ ಅಂತ ಕಣ್ಣಲ್ಲೇ ಅಂದಾಜು ಹಾಕಿ, ಆಮೇಲೆ "ನಲವತ್ತು ಕ್ರೇಟ್ ಸಾಕು ಕಣೋ" ಅನ್ನುತ್ತಾರೆ. ಒಂದು ಸಲ ನಾನು ಇರಲಿ ಅಂತ ಸುಮ್ನೆ ನೂರು ತಂದಿದ್ದೆ. ಟೆಂಪೋದಲ್ಲಿ ಕಾಯಿ ತುಂಬಿದ ಕ್ರೇಟಿಗೇ ಜಾಗ ಸಾಲಲಿಲ್ಲ. ಕ್ರೇಟ್ ಖಾಲಿಯಿದ್ದರೂ ಜಾಗ ಅಷ್ಟೇ ಬೇಕು ಅಲ್ವಾ.

ಗಾತ್ರವನ್ನು ಮೊದಲೇ ಗಟ್ಟಿ ಮಾಡಿಟ್ಟ ಸ್ಟ್ಯಾಟಿಕ್ ಅರೇ ಕಥೆಯೂ ಹೀಗೇ. ಸೊನ್ನೆ ತುಂಬಿದ ಅರೇಗಳು ಬಿಎಸ್‌ಎಸ್ ಅನ್ನುವ ಭಾಗಕ್ಕೆ ಹೋಗುತ್ತವೆ. ಡಿಸ್ಕಿನ ಮೇಲಿರುವ ಫೈಲಿನಲ್ಲಿ ಅವುಗಳ ಗಾತ್ರ ಕಾಣೋದಿಲ್ಲ, ಹಾಗಾಗಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಬೂಟ್ ಆದಾಗ ಮಾತ್ರ ಅಷ್ಟೂ ಜಾಗವನ್ನು ಹಿಡಿದು ಕೂರುತ್ತವೆ. ಮಾಮೂಲಿ ಪ್ರೋಗ್ರಾಮ್ ಬಳಸದ ಮೆಮೊರಿ ಪುಟಗಳನ್ನು ಸ್ವಾಪಿಗೆ, ಅಂದರೆ ಡಿಸ್ಕಿಗೆ, ತಳ್ಳಬಹುದು. ಲಿನಕ್ಸ್ ಕರ್ನಲ್ ತನ್ನ ಸ್ವಂತ ಡೇಟಾವನ್ನು ಸ್ವಾಪ್ ಮಾಡುವುದಿಲ್ಲ. ಹಿಡಿದ ಜಾಗ ಮಷೀನ್ ಆಫ್ ಆಗುವವರೆಗೂ ಹಿಡಿದ ಹಾಗೇ.

ಫಂಕ್ಷನ್ ಓಡುವಾಗ ತಾತ್ಕಾಲಿಕ ಡೇಟಾ ಇಡುವ ಸ್ಟ್ಯಾಕಿನಲ್ಲಿ ಇನ್ನೂ ಕಷ್ಟ. ಯಾವ ಯಾವ ಸಿಪಿಯು ಅಂತ ಗುರುತು ಹಾಕೋಕೆ ಕರ್ನಲ್ ಸಿಪಿಯುಗೆ ಒಂದು ಬಿಟ್‌ನಂತೆ ಮಾಸ್ಕ್ ಇಟ್ಟುಕೊಳ್ಳುತ್ತದೆ. 4096 ಸಿಪಿಯುಗೆ ಅದು 512 ಬೈಟು. 2008ರ ಸುಮಾರಿಗೆ ಎಸ್‌ಜಿಐ ಕಂಪನಿಯವರು ಅಷ್ಟು ದೊಡ್ಡ ಮಷೀನಿಗೆ ಲಿನಕ್ಸ್ ಸಿದ್ಧ ಮಾಡುತ್ತಿದ್ದಾಗ 64 ಬಿಟ್ ಇಂಟೆಲ್, ಎಎಂಡಿ ಮಷೀನುಗಳಲ್ಲಿ ಕರ್ನಲ್ ಸ್ಟ್ಯಾಕ್ ಇದ್ದದ್ದೇ 8 ಕೆಬಿ. ಅದು 16 ಆಗಿದ್ದು 2014ರಲ್ಲಿ. ಒಂದರೊಳಗೊಂದು ಕರೆಯುವ ನಾಲ್ಕು ಫಂಕ್ಷನ್‌ಗಳಲ್ಲಿ ಎರಡೆರಡು ಮಾಸ್ಕ್ ಇದ್ದರೆ ಅರ್ಧ ಸ್ಟ್ಯಾಕ್ ಅಲ್ಲಿಗೇ ಮುಗಿಯಿತು. ಆಗ ನಿಮ್ಮ 8 ಜಿಬಿ ಯಾವ ಉಪಯೋಗಕ್ಕೂ ಬರೋದಿಲ್ಲ. ಅರೇಗಳನ್ನೂ ಮಾಸ್ಕ್‌ಗಳನ್ನೂ ಅಲ್ಲಿಂದ ಎತ್ತುವ ಕೆಲಸ ಆಗ ಜೋರಾಗಿ ನಡೆಯಿತು.

ಚಿಕ್ಕದು ಮಾಡೋದು ಅಂದರೆ ಸಂಖ್ಯೆ ಕಡಿಮೆ ಮಾಡೋದು ಅಂತ ನಾನೂ ಅಂದುಕೊಂಡಿದ್ದೆ. 64 ಎಂಬಿ ರ‍್ಯಾಮಿನ ಒಂದು ಪುಟ್ಟ ಬೋರ್ಡ್ ಇತ್ತು. ಡ್ರೈವರಿನಲ್ಲಿ 256 ಚಾನೆಲ್, ಒಂದೊಂದಕ್ಕೆ 4 ಕೆಬಿ ಬಫರ್, ಒಟ್ಟು 1 ಎಂಬಿ ಅರೇ. ಬೋರ್ಡಿನಲ್ಲಿ ಇದ್ದದ್ದು 4 ಚಾನೆಲ್. ನಾನು 256 ಅಳಿಸಿ 4 ಬರೆದೆ. ಎಲ್ಲರೂ ಖುಷಿಪಟ್ಟರು. ಎರಡು ತಿಂಗಳ ನಂತರ 6 ಚಾನೆಲ್‌ನ ಬೋರ್ಡ್ ಬಂತು. ಸಿ ಭಾಷೆ ಅರೇ ಗಡಿ ಕಾಯುವುದಿಲ್ಲ. ಐದನೇ ಚಾನೆಲ್‌ನ ಡೇಟಾ ಪಕ್ಕದಲ್ಲಿದ್ದ ಬೇರೆ ಯಾವುದೋ ವೇರಿಯಬಲ್ ಮೇಲೆ ಹೋಗಿ ಬಿತ್ತು. ಕ್ರ್ಯಾಶ್ ಆಗಿದ್ದು ಸಂಬಂಧವೇ ಇಲ್ಲದ ಜಾಗದಲ್ಲಿ. ಮೂರು ದಿನ ಹುಡುಕಿದೆವು. ಕೊನೆಗೆ ಬೋರ್ಡಿನ ಹಾರ್ಡ್‌ವೇರ್ ವಿವರ ಇರುವ ಡಿವೈಸ್ ಟ್ರೀಯಿಂದ ಚಾನೆಲ್ ಎಷ್ಟು ಅಂತ ಓದಿ, ಪ್ರೋಬ್ ಸಮಯದಲ್ಲಿ (ಡ್ರೈವರ್ ಸಾಧನವನ್ನು ಶುರು ಮಾಡುವಾಗ) ಅಷ್ಟಕ್ಕೆ ಮಾತ್ರ ಮೆಮೊರಿ ಕೇಳುವ ಹಾಗೆ ಬರೆದೆ. ಸಾಲು ನೋಡಿ ಕ್ರೇಟ್ ತರೋದು ಅಂದರೆ ಇದೇ.

ಸಿಪಿಯು ಅರೇಗೆ ಇದೇ ಕೆಲಸ ಮಾಡುವುದು ಪರ್-ಸಿಪಿಯು ವೇರಿಯಬಲ್. ಬೂಟ್ ಆಗುವಾಗ ಈ ಮಷೀನಿನಲ್ಲಿ ಎಷ್ಟು ಸಿಪಿಯು ಬರಬಹುದು ಅಂತ ಕರ್ನಲ್ ಮೊದಲು ಎಣಿಸುತ್ತದೆ. ಆಮೇಲೆ ಅಷ್ಟಕ್ಕೇ ಜಾಗ. ನನಗೆ ಇದರಲ್ಲಿ ತುಂಬಾ ಇಷ್ಟವಾದ ವಿಷಯ ಇನ್ನೊಂದಿದೆ. ಸಿಪಿಯು ಕ್ಯಾಶ್ (ಅದರ ಪುಟ್ಟ ವೇಗದ ಮೆಮೊರಿ) ಸಾಮಾನ್ಯವಾಗಿ 64 ಬೈಟಿನ ಲೈನುಗಳಲ್ಲಿ ಓದುತ್ತದೆ. ಅರೇಯಲ್ಲಿ ಅಕ್ಕಪಕ್ಕದ ಎರಡು ಸಿಪಿಯುಗಳ ಕೌಂಟರ್ ಒಂದೇ ಲೈನಿನಲ್ಲಿ ಸಿಕ್ಕರೆ, ಒಂದು ಬರೆದಾಗಲೆಲ್ಲ ಇನ್ನೊಂದರ ಕ್ಯಾಶ್ ಕೆಡುತ್ತದೆ. ಅದನ್ನು ತಪ್ಪಿಸೋಕೆ ಅಂತಲೇ ಹಿಂದಿನವರು 8 ಬೈಟಿನ ಕೌಂಟರನ್ನೂ 64 ಬೈಟಿಗೆ ಉಬ್ಬಿಸುತ್ತಿದ್ದರು. ಪರ್-ಸಿಪಿಯುನಲ್ಲಿ ಒಂದೊಂದು ಸಿಪಿಯುಗೂ ಬೇರೆಯೇ ಜಾಗ. ಉಬ್ಬಿಸುವ ಕೆಲಸವೇ ಇಲ್ಲ.

ಹಾಗಂತ ಕಂಡ ಕಂಡ ಅರೇ ಎಲ್ಲ ಎತ್ತಬೇಡಿ. ಸ್ಟ್ಯಾಟಿಕ್ ಅರೇಗೆ ಮೆಮೊರಿ ಸಿಗಲಿಲ್ಲ ಅನ್ನುವ ಭಯವಿಲ್ಲ. ಹದಿನಾರು ಎಂಟ್ರಿಯ ಟೇಬಲ್ಲನ್ನು ಡೈನಮಿಕ್ (ಓಡುವಾಗ ಮೆಮೊರಿ ಕೇಳುವ ಹಾಗೆ) ಮಾಡಿದರೆ ಎರರ್ ನೋಡಿಕೊಳ್ಳುವ ಕೋಡೇ ಜಾಸ್ತಿಯಾಗುತ್ತದೆ. ಮೊದಲು ಎನ್‌ಎಂ ಟೂಲಿನಲ್ಲಿ ಕರ್ನಲ್ಲಿನ ವೇರಿಯಬಲ್‌ಗಳನ್ನು ಗಾತ್ರದ ಪ್ರಕಾರ ಸಾಲು ಮಾಡಿಸಿ ದೊಡ್ಡವನ್ನು ಮಾತ್ರ ನೋಡಿ. ಬದಲಾಯಿಸಿದ ಮೇಲೆ ಕರ್ನಲ್ ಸೋರ್ಸಿನಲ್ಲೇ ಇರುವ ಬ್ಲೋಟ್-ಓ-ಮೀಟರ್ ಸ್ಕ್ರಿಪ್ಟ್ ಓಡಿಸಿ. ಎಷ್ಟು ಬೈಟ್ ಇಳಿಯಿತು ಅಂತ ಅದೇ ಹೇಳುತ್ತದೆ.

ಬೂಟಿನ ಶುರುವಿನಲ್ಲಿ ಪರ್-ಸಿಪಿಯು ಜಾಗವೇ ಇನ್ನೂ ಸಿದ್ಧವಾಗಿರುವುದಿಲ್ಲ. ಆಗ ಸ್ಟ್ಯಾಟಿಕ್ ಅರೇ ಬೇಕೇ ಬೇಕು. ಅಂಥವನ್ನು ಇನಿಟ್‌ಡೇಟಾ ಅಂತ ಗುರುತು ಮಾಡುತ್ತೇವೆ. ಕೆಲಸ ಮುಗಿದ ಮೇಲೆ ಕರ್ನಲ್ ಆ ಜಾಗವನ್ನು ವಾಪಸ್ ಬಿಟ್ಟುಕೊಡುತ್ತದೆ. ಇವತ್ತು ಕರ್ನಲ್ ಸಂದೇಶ ತೋರಿಸುವ ಡಿಮೆಸೇಜ್ ತೆಗೆದು ನೋಡಿ, ಬಳಸದ ಕರ್ನಲ್ ಮೆಮೊರಿ ಬಿಡುಗಡೆ ಮಾಡಿದೆ, ಇಷ್ಟು ಕೆಬಿ ಅಂತ ಇಂಗ್ಲಿಷಿನಲ್ಲಿ ಒಂದು ಸಾಲು ಸಿಗುತ್ತದೆ.